ಹೂ ಬಿಟ್ಟರೂ ಕಾಯಿ ಕಚ್ಚದ ಚೆರ್ರಿ ಟೊಮೆಟೊ: ದೋಷ ನೀರಿನಲ್ಲೋ, ಬೆಳಕಿನಲ್ಲೋ?

ಓದುಗರ ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಮನೆ ಕಟ್ಟೆಯ ಮೇಲಿಡುವ, ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೊಪೋನಿಕ್ ಕಿಟ್‌ನಲ್ಲಿ ಚೆರ್ರಿ ಟೊಮೆಟೊ ಹಾಕಿದ್ದೇನೆ. ಎರಡೂವರೆ ತಿಂಗಳಾಯಿತು. ಗಿಡ ಬಳ್ಳಿಯ ಹಾಗೆ ಉದ್ದಕ್ಕೆ ಹೋಗಿದೆ, ಕೆಳಗಿನ ಎಲೆ ಹಳದಿಯಾಗುತ್ತಿದೆ, ಹೂವೆಲ್ಲ ಉದುರುತ್ತಿದೆ. ಪೋಷಕಾಂಶ ಸಾಲದೇನೋ ಎಂದು ಎರಡು ಬಾಟಲಿಗಳಲ್ಲಿ ಬರುವ ಎ ಮತ್ತು ಬಿ ಗೊಬ್ಬರದ ದ್ರಾವಣ ಹೆಚ್ಚು ಹಾಕಿದೆ. ಈಗ ಎಲೆಯ ಅಂಚು ಸುಟ್ಟಂತೆ ಕಾಣುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ದ್ರಾವಣ ಹಾಕುವುದನ್ನು ನಿಲ್ಲಿಸಿ. ನೀವು ಹೇಳಿದ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಗಿಡಕ್ಕೆ ಬೆಳಕು ಸಾಲುತ್ತಿಲ್ಲ. ಬೆಳಕು ಸಾಲದ ಗಿಡ ಕೊಟ್ಟ ಗೊಬ್ಬರವನ್ನು ಬಳಸಲಾರದು; ಅದರ ಉಪ್ಪಿನಂಶ ನೀರಿನಲ್ಲೇ ಉಳಿದು ಬೇರನ್ನೂ ಎಲೆಯ ಅಂಚನ್ನೂ ಸುಡುತ್ತದೆ. ಎಲೆ ಹಳದಿಯಾದ ಕೂಡಲೇ ಬಾಟಲಿಗೆ ಕೈ ಹಾಕುವುದು ಬಹಳ ಜನ ಮಾಡುವ ತಪ್ಪು.

ಕಟ್ಟೆಯ ಮೇಲಿನ ಕಿಟ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 30 ವ್ಯಾಟ್‌ನ ಎಲ್ಇಡಿ ಇರುತ್ತದೆ. ಲೆಟ್ಯೂಸ್, ತುಳಸಿ, ಪುದೀನಕ್ಕೆ ಅದು ಸಾಕು. ಹಣ್ಣು ಬಿಡಬೇಕಾದ ಟೊಮೆಟೊಗೆ ದಿನಕ್ಕೆ ಬೇಕಾಗುವ ಬೆಳಕು ಅದರ ಎರಡರಷ್ಟಾದರೂ ಆಗುತ್ತದೆ. ಒಂದು ಗಿಡಕ್ಕೆ ನಿಜವಾಗಿ 40ರಿಂದ 60 ವ್ಯಾಟ್ ವಿದ್ಯುತ್ ಬಳಸುವ ಬಿಳಿ ಎಲ್ಇಡಿ ಬೇಕೆಂದು ಲೆಕ್ಕ ಹಾಕಿ. ಪೆಟ್ಟಿಗೆಯ ಮೇಲೆ ‘1000 ವ್ಯಾಟ್‌ಗೆ ಸಮ’ ಎಂದು ಬರೆದಿದ್ದರೆ ಅದನ್ನು ಬಿಟ್ಟು, ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬ ಅಂಕಿಯನ್ನಷ್ಟೇ ನೋಡಿ. ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು: ಫೋನನ್ನು ಎಲೆಯ ಮಟ್ಟದಲ್ಲಿ ದೀಪದ ಕಡೆಗೆ ಹಿಡಿದಾಗ ಬಿಳಿ ಬೆಳಕಿನಲ್ಲಿ 20,000 ಲಕ್ಸ್‌ಗಿಂತ ಕಡಿಮೆ ತೋರಿಸಿದರೆ ಕಾಯಿಯ ಆಸೆ ಬಿಡಬೇಕಾಗುತ್ತದೆ. 25,000 ದಾಟಿದರೆ ಒಳ್ಳೆಯದು. ನೇರಳೆ ಬಣ್ಣದ ದೀಪಕ್ಕೆ ಈ ಅಳತೆ ನಂಬುವಂಥದ್ದಲ್ಲ.

ದೀಪ ಗಿಡದ ತುದಿಯಿಂದ 20ರಿಂದ 30 ಸೆಂ.ಮೀ. ಮೇಲಿರಲಿ, ದಿನಕ್ಕೆ 14ರಿಂದ 16 ಗಂಟೆ ಉರಿಯಲಿ. ಬೆಳಕು ಕಡಿಮೆಯಾಯಿತೆಂದು 24 ಗಂಟೆ ಉರಿಸಬೇಡಿ. ಕತ್ತಲೆಯೇ ಸಿಗದ ಟೊಮೆಟೊದ ಎಲೆಗಳಲ್ಲಿ ಹಳದಿ ಕಲೆಗಳು ಬೀಳುತ್ತವೆ, ಇಳುವರಿಯೂ ತಗ್ಗುತ್ತದೆ. ಮೇಲಿನ ದೀಪದ ಬೆಳಕನ್ನು ತುದಿಯ ಎಲೆಗಳೇ ಹೀರಿಕೊಳ್ಳುವುದರಿಂದ ಬುಡದ ಎಲೆ ಹಳದಿಯಾಗುವುದು ಸಹಜ. ಆ ಎಲೆಗಳನ್ನು ಚಿವುಟಿ ತೆಗೆಯಿರಿ. ಸಾಧ್ಯವಾದರೆ ಪಕ್ಕದಿಂದ ಒಂದು ಟ್ಯೂಬ್ ದೀಪ ಕೊಡಿ. ಕಿಟಕಿಯನ್ನು ನೆಚ್ಚಿಕೊಂಡವರಿಗೆ ಒಂದು ಮಾತು: ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರ್‌ನಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಕಿಟಕಿ ಆಗ ಬರಿದಾಗಿರುತ್ತದೆ.

ಇನ್ನು ನೀರು. ಇದಕ್ಕೆ ನೀರಿನಲ್ಲಿ ಕರಗಿದ ಉಪ್ಪಿನಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುವ ಇಸಿ ಮೀಟರ್ (ಇಲ್ಲಿನ ಅಂಕಿಗಳು mS/cm ಲೆಕ್ಕದಲ್ಲಿ) ಮತ್ತು ನೀರಿನ ಆಮ್ಲ-ಕ್ಷಾರ ಗುಣ ಅಳೆಯುವ ಪಿಎಚ್ ಮೀಟರ್ ಎರಡೂ ಬೇಕು. ಅದೇ ಉಪ್ಪಿನಂಶವನ್ನು ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ಅದು 500ರ ಗುಣಕದ್ದೋ 700ರದ್ದೋ ನೋಡಿಕೊಳ್ಳಿ. ಇಸಿ 2.0 ಇರುವ ಅದೇ ನೀರನ್ನು ಒಂದು 1000 ಪಿಪಿಎಂ ಎನ್ನುತ್ತದೆ, ಇನ್ನೊಂದು 1400 ಎನ್ನುತ್ತದೆ. ಸಸಿಗೆ ಇಸಿ 0.8ರಿಂದ 1.2, ಬೆಳೆಯುವ ಗಿಡಕ್ಕೆ 1.5ರಿಂದ 2.0, ಕಾಯಿ ಹಿಡಿದ ಮೇಲೆ 2.0ರಿಂದ 3.0 ಇರಲಿ. ಮನೆಯೊಳಗಿನ ಸಾಧಾರಣ ಬೆಳಕಿನಲ್ಲಿ 2.5 ದಾಟಿಸದಿರುವುದೇ ಕ್ಷೇಮ. ನಿಮ್ಮ ಟ್ಯಾಂಕ್‌ನಲ್ಲಿ 2.4 ಇದ್ದರೆ ಮೂರರಲ್ಲಿ ಒಂದು ಪಾಲು ದ್ರಾವಣ ತೆಗೆದು ಅಷ್ಟೇ ಆರ್‌ಒ ನೀರು ಸೇರಿಸಿ, 1.6ಕ್ಕೆ ಇಳಿಯುತ್ತದೆ.

ಆಮೇಲೆ ದಿನವೂ ನೀರಿನ ಮಟ್ಟ ಮತ್ತು ಇಸಿ ಎರಡನ್ನೂ ಬರೆದಿಡಿ. ಮಟ್ಟ ಇಳಿದು ಇಸಿ ಏರುತ್ತಿದ್ದರೆ ಗಿಡ ನೀರು ಕುಡಿದು ಉಪ್ಪನ್ನು ಬಿಡುತ್ತಿದೆ, ಬರೀ ನೀರು ತುಂಬಿಸಿ. ಮಟ್ಟದ ಜೊತೆ ಇಸಿಯೂ ಇಳಿದರೆ ಮಾತ್ರ ಗಿಡಕ್ಕೆ ಹಸಿವಾಗಿದೆ. ಎರಡು ವಾರಕ್ಕೊಮ್ಮೆ ಇಡೀ ದ್ರಾವಣ ಬದಲಾಯಿಸಿ. ಎ ಮತ್ತು ಬಿ ಬಾಟಲಿಗಳ ಗಟ್ಟಿ ದ್ರಾವಣವನ್ನು ನೇರವಾಗಿ ಬೆರೆಸಲೇಬೇಡಿ. ಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಸಲ್ಫೇಟ್ ಜೊತೆ ಸೇರಿ ಬಿಳಿ ಗಷ್ಟಾಗಿ ತಳ ಸೇರುತ್ತದೆ. ನೀರಿಗೆ ಎ ಹಾಕಿ ಕಲಕಿ, ನಂತರ ಬಿ.

ಪಿಎಚ್ 5.8ರಿಂದ 6.2ರ ನಡುವೆ ಇರಲಿ. ಪೋಷಕಾಂಶ ಬೆರೆಸಿದ ಮೇಲೆಯೇ ಇದನ್ನು ಸರಿಪಡಿಸಬೇಕು, ಏಕೆಂದರೆ ದ್ರಾವಣವೇ ಪಿಎಚ್ ಇಳಿಸುತ್ತದೆ. ಪಿಎಚ್ ಇಳಿಸುವ ಆಮ್ಲ ದ್ರಾವಣವಾದ ‘ಪಿಎಚ್ ಡೌನ್’ ಅನ್ನು ಅರ್ಧ ಮಿ.ಲೀ.ನಷ್ಟು ಹಾಕಿ, ಕಲಕಿ, ಕಾಲು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿರುವುದರಿಂದ ಎಷ್ಟು ಇಳಿಸಿದರೂ ಪಿಎಚ್ ಮತ್ತೆ ಮೇಲೇರುತ್ತದೆ. ಗೊಬ್ಬರ ಹಾಕುವ ಮೊದಲೇ ನೀರಿನ ಇಸಿ 0.8 ದಾಟಿದ್ದರೆ ಅರ್ಧ ಆರ್‌ಒ ನೀರು ಬೆರೆಸಿಕೊಳ್ಳಿ. ನಿಂಬೆರಸ, ಸಿಟ್ರಿಕ್ ಆಮ್ಲ ಒಂದೆರಡು ದಿನಕ್ಕಷ್ಟೇ ಆದೀತು. ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ.

ಅಪಾರ್ಟ್‌ಮೆಂಟಿನವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ನಲ್ಲಿ ನೀರು ಸಾಫ್ಟ್‌ನರ್ ಹಾದು ಬರುತ್ತದೆಯೇ? ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಇಸಿ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೀಟರ್‌ನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಎಲೆಯ ಅಂಚು ಮಾತ್ರ ಸುಡುತ್ತಾ ಹೋಗುತ್ತದೆ. ಆ ನೀರು ಟೊಮೆಟೊಗೆ ಬೇಡ. ಪೂರ್ತಿ ಆರ್‌ಒ ನೀರಿಗೆ ಬಂದಾಗ, ನಿಮ್ಮ ಎ-ಬಿ ದ್ರಾವಣ ನಲ್ಲಿ ನೀರಿಗೆಂದೇ ಮಾಡಿದ್ದಾದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೊರತೆ ಬೀಳುತ್ತದೆ. ಲೀಟರಿಗೆ 0.2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 0.2 ಗ್ರಾಂ ಎಪ್ಸಂ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಅದನ್ನು ತುಂಬಿಕೊಡುತ್ತದೆ.

ಗೊಬ್ಬರದಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ. ಮಣ್ಣಿನಲ್ಲಿ ಅದನ್ನು ಒಡೆಯಲು ಸೂಕ್ಷ್ಮಜೀವಿಗಳಿವೆ. ನಿಮ್ಮ ಟ್ಯಾಂಕ್‌ನಲ್ಲಿ ಅವು ಸಾಕಷ್ಟು ಇರುವುದಿಲ್ಲ.

ಹಳದಿ ಎಲ್ಲಿಂದ ಶುರುವಾಯಿತು ಎಂಬುದರಿಂದ ಬಹಳಷ್ಟು ತಿಳಿಯುತ್ತದೆ. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ ಕಡಿಮೆ. ಅದೇ ಲಕ್ಷಣ ತುದಿಯ ಚಿಗುರಿನಲ್ಲಿ ಬಂದರೆ ಕಬ್ಬಿಣ, ಬಹುಪಾಲು ಪಿಎಚ್ 6.5 ದಾಟಿದ್ದರ ಪರಿಣಾಮ. ಪಿಎಚ್ ಇಳಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಕೆಳಗಿನ ಎಲೆ ಇಡಿಯಾಗಿ ಪೇಲವವಾದರೆ ಸಾರಜನಕ, ಇಲ್ಲವೇ ನಿಮ್ಮಲ್ಲಿ ಆದ ಹಾಗೆ ನೆರಳು.

ನೀರಿದ್ದೂ ಮಧ್ಯಾಹ್ನ ಗಿಡ ಸೊರಗಿದರೆ ನೆಟ್ ಪಾಟ್ (ಗಿಡ ಕೂರಿಸಿದ ಜಾಲರಿ ಬುಟ್ಟಿ) ಎತ್ತಿ ಬೇರು ನೋಡಿ. ಬಿಳಿ ಅಥವಾ ಕೆನೆ ಬಣ್ಣದ, ಗಟ್ಟಿಯಾದ ಬೇರು ಆರೋಗ್ಯದ್ದು. ಕಂದು ತಿರುಗಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಿ, ಕೊಳೆತ ವಾಸನೆ ಬಂದರೆ ಬೇರು ಕೊಳೆರೋಗ. ನೀರು ಬಿಸಿಯಾಗುವುದೇ ಇದಕ್ಕೆ ದಾರಿ ಮಾಡಿಕೊಡುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5ರಷ್ಟೇ ಹಿಡಿಯುತ್ತದೆ. ಕೊಳೆತ ಬೇರನ್ನು ಕತ್ತರಿಸಿ, ಟ್ಯಾಂಕ್ ತೊಳೆದು, ಇಸಿ 1.2ರ ಹೊಸ ದ್ರಾವಣ ತುಂಬಿ, ಏರ್ ಪಂಪ್ ಮತ್ತು ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್ ಹಾಕಿ. ಬೇರಿನ ಮೇಲಿನ ಮೂರರಲ್ಲೊಂದು ಭಾಗ ಗಾಳಿಯಲ್ಲಿರಲಿ. ಬೇರು ಕಡಿಮೆಯಾದಷ್ಟು ಎಲೆಗಳನ್ನೂ ತೆಗೆಯಿರಿ. ಬೇಸಿಗೆಯಲ್ಲಿ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯನ್ನು ಟ್ಯಾಂಕ್‌ಗೆ ಇಳಿಬಿಟ್ಟು 18ರಿಂದ 24 ಡಿಗ್ರಿಯೊಳಗೆ ಇರಿಸಿ. ಪಾರದರ್ಶಕ ಟ್ಯಾಂಕ್‌ಗೆ ಪಾಚಿ ಕಟ್ಟದಂತೆ ಕಪ್ಪು ಟೇಪ್ ಸುತ್ತಿ.

ಹೂವಿನ ವಿಷಯ. ಟೊಮೆಟೊ ಹೂವಿನಲ್ಲೇ ಗಂಡು, ಹೆಣ್ಣು ಭಾಗಗಳೆರಡೂ ಇವೆ. ಆದರೆ ಪರಾಗ ಕೇಸರಗಳ ಕೊಳವೆಯೊಳಗೆ ಇರುವುದರಿಂದ ಅಲುಗಾಡಿದರಷ್ಟೇ ಉದುರುತ್ತದೆ. ಹೊಲದಲ್ಲಿ ಗಾಳಿಯೂ ಹೂವಿಗೆ ಜೋತು ಝೇಂಕರಿಸುವ ನೀಲಿಪಟ್ಟೆಯ ಜೇನೂ ಆ ಕೆಲಸ ಮಾಡುತ್ತವೆ. ಮನೆಯೊಳಗೆ ನೀವೇ ಮಾಡಬೇಕು. ಬ್ಯಾಟರಿ ಹಲ್ಲುಜ್ಜುವ ಬ್ರಷ್‌ನ ಬೆನ್ನನ್ನು ಗೊಂಚಲಿನ ತೊಟ್ಟಿಗೆ ಎರಡು ಮೂರು ಸೆಕೆಂಡ್ ತಾಗಿಸಿ. ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ದಿನ ಬಿಟ್ಟು ದಿನವಾದರೂ ಮಾಡಿ. ಮಳೆಗಾಲದಲ್ಲಿ ತೇವಾಂಶ ಶೇ. 80 ಮೀರಿದರೆ ಪರಾಗ ಅಂಟಿಕೊಳ್ಳುತ್ತದೆ. ಸಣ್ಣ ಫ್ಯಾನ್ ಇಡಿ. ಆ ಗಾಳಿಗೆ ಎಲೆಯಿಂದ ನೀರು ಆವಿಯಾಗುವುದರಿಂದ ಕ್ಯಾಲ್ಸಿಯಂ ಕೂಡ ಚಿಗುರು, ಹೀಚುಗಳವರೆಗೆ ಏರುತ್ತದೆ. ರಾತ್ರಿಯೂ 24 ಡಿಗ್ರಿಗಿಂತ ಇಳಿಯದ ಕೋಣೆಯಲ್ಲಿ, ಕರಾವಳಿಯ ಮನೆಗಳಲ್ಲಂತೂ, ಏನು ಮಾಡಿದರೂ ಕೆಲವು ಹೂ ಉದುರುತ್ತವೆ.

ಹಳದಿಯಾದ ಎಲೆ ಮತ್ತೆ ಹಸಿರಾಗುವುದನ್ನು ಕಾಯಬೇಡಿ. ಒಂದು ಬದಲಾವಣೆ ಮಾಡಿ ವಾರದಿಂದ ಹತ್ತು ದಿನ ಹೊಸ ಚಿಗುರನ್ನು ಗಮನಿಸಿ, ಆಮೇಲೆ ಮುಂದಿನದು. ಕಿಟಕಿಯಿಂದ ಬಿಳಿ ನೊಣ ಬಂದು, ಚಿಗುರು ಸಣ್ಣದಾಗಿ ಮೇಲಕ್ಕೆ ಮುದುರಿ ಗಿಡ ಕುಗ್ಗಿದ್ದರೆ ಅದು ಎಲೆ ಮುಟುರು ವೈರಸ್. ಅದಕ್ಕೆ ಔಷಧಿಯಿಲ್ಲ, ಕಿತ್ತು ಚೀಲದಲ್ಲಿ ಕಟ್ಟಿ ಬಿಸಾಡಿ.

ಕೊನೆಯದು ಜಾಗ. ಕಾಯಿ ಬಿಡುವ ದೊಡ್ಡ ಗಿಡ ದಿನಕ್ಕೆ ಒಂದು ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು. ಮೂರ್ನಾಲ್ಕು ಲೀಟರಿನ ಕಿಟ್‌ನಲ್ಲಿ ಇಸಿ, ಪಿಎಚ್ ದಿನದಿನಕ್ಕೆ ಏರುಪೇರಾಗುವುದು ಇದರಿಂದಲೇ. ಆರು ತೂತುಗಳಿದ್ದರೂ ಒಂದೇ ಗಿಡ ಬೆಳೆಸಿ ಉಳಿದವನ್ನು ಮುಚ್ಚಿ. ನಿಮ್ಮದು ಸನ್‌ಗೋಲ್ಡ್, ಸ್ವೀಟ್ 100ರಂಥ ಬಳ್ಳಿ ತಳಿಯಾದರೆ ಅದು ಎರಡು ಮೀಟರ್ ದಾಟುತ್ತದೆ. 15ರಿಂದ 20 ಲೀಟರಿನ ಮುಚ್ಚಳವಿರುವ ಬಕೆಟ್‌ಗೆ ವರ್ಗಾಯಿಸಿ, ದಾರ ಕಟ್ಟಿ, ಎಲೆಯ ಕಂಕುಳಿನ ಚಿಗುರು ಚಿವುಟುತ್ತಿರಿ. ಕಟ್ಟೆಯ ಕಿಟ್‌ಗೆ ಒಂದಡಿಯ ಆಸುಪಾಸಿನಲ್ಲೇ ನಿಲ್ಲುವ ಮೈಕ್ರೋ ಟಾಮ್ ಅಥವಾ ರೆಡ್ ರಾಬಿನ್ ಬೀಜ ಹಾಕಿ.