‘ಕ್ಲಿಯರ್ಡ್’ ಅಂದಮಾತ್ರಕ್ಕೆ ನೀವು ಐಎಫ್‌ಆರ್ ಆಗಲಿಲ್ಲ

ಬಿಸಿಲಿರುವ ಶನಿವಾರ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಅಪ್ರೋಚ್ ಕಂಟ್ರೋಲ್‌ನ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಮಾತಿಗೆ ಸಂದಿ ಸಿಗುವುದೇ ಕಷ್ಟ. ಪಾಲೊ ಆಲ್ಟೊ, ರೀಡ್-ಹಿಲ್‌ವ್ಯೂ, ಹೇವರ್ಡ್‌ಗಳಿಂದ ಎದ್ದ ಸೆಸ್ನಾ, ಪೈಪರ್‌ಗಳೆಲ್ಲ ಲಿವರ್‌ಮೋರ್, ಸ್ಟಾಕ್‌ಟನ್, ಸಲೀನಾಸ್ ಕಡೆಗೆ ಪ್ರಾಕ್ಟೀಸ್ ಅಪ್ರೋಚ್ (ಉಪಕರಣಗಳನ್ನೇ ನೋಡಿ ರನ್‌ವೇಯತ್ತ ಇಳಿದುಬರುವ ಅಭ್ಯಾಸ) ಮಾಡಲು ಹೊರಟಿರುತ್ತವೆ. ವಾರವೆಲ್ಲ ಆಫೀಸಿನಲ್ಲಿ ದುಡಿದು ವಾರಾಂತ್ಯಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿ ಹಾರುವ ಅರ್ಹತೆ) ಬೆನ್ನು ಹತ್ತಿದ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಇವರಿಗೆ ರನ್‌ವೇಯ ನೇರ ತೋರಿಸುವ ಲೋಕಲೈಜರ್ ಹಿಡಿಯುವುದನ್ನಾಗಲಿ, ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಮೇಲೆ ಕೂರುವುದನ್ನಾಗಲಿ ನಾನು ಹೇಳಿಕೊಡಬೇಕಿಲ್ಲ. ಚಾರ್ಟ್ ಬಾಯಿಪಾಠ, ಸೂಜಿ ನಟ್ಟನಡುವೆ. ಎಡವುವುದು ಒಂದೇ ಕಡೆ: ಕಂಟ್ರೋಲರ್ ಏನು ಕೊಟ್ಟರು, ಏನು ಕೊಡಲಿಲ್ಲ ಎಂಬಲ್ಲಿ.

ಹುಡ್ (ಹೊರಗಿನ ನೋಟ ಮರೆಮಾಡುವ ಮುಸುಕು) ಹಾಕಿಕೊಂಡ ಪೈಲಟ್‌ಗೆ ಹೆಡ್‌ಸೆಟ್‌ನಲ್ಲಿ ಹೀಗೆ ಕೇಳಿಸುತ್ತದೆ: ‘ಕ್ಲಿಯರ್ಡ್ ಐಎಲ್‌ಎಸ್ ರನ್‌ವೇ ಟೂ ಫೈವ್ ರೈಟ್ ಅಪ್ರೋಚ್, ಮೇಂಟೇನ್ ವಿಎಫ್‌ಆರ್.’ ಐಎಲ್‌ಎಸ್ ಎಂದರೆ ಲೋಕಲೈಜರ್, ಗ್ಲೈಡ್‌ಸ್ಲೋಪ್ ಎರಡೂ ಇರುವ ಅಪ್ರೋಚ್. ವಿಎಫ್‌ಆರ್ ಎಂದರೆ ಹೊರಗೆ ಕಣ್ಣಿಟ್ಟು, ಮೋಡದಿಂದ ದೂರವಿದ್ದು ಹಾರುವ ನಿಯಮ. ಮೊದಲ ಅರ್ಧ ಕಿವಿಗೆ ಬೀಳುತ್ತದೆ, ಕೊನೆಯ ಎರಡು ಪದ ಗಾಳಿಗೆ ಹೋಗುತ್ತವೆ. ಸೂಚನೆಯನ್ನು ತಿರುಗಿ ಹೇಳುವ ರೀಡ್‌ಬ್ಯಾಕ್‌ನಲ್ಲೂ ಅವು ಇರುವುದಿಲ್ಲ. ಅಲ್ಲಿಂದ ಮುಂದೆ ಆ ಪೈಲಟ್ ತನ್ನನ್ನು ಐಎಫ್‌ಆರ್ (ಕ್ಲಿಯರೆನ್ಸ್ ಪಡೆದು ಉಪಕರಣ ನೋಡಿ ಹಾರುವ ನಿಯಮದ) ವಿಮಾನವೆಂದೇ ಭಾವಿಸಿ ಹಾರುತ್ತಾನೆ. ಕಂಟ್ರೋಲರ್ ಮಟ್ಟಿಗೆ ಅದು ಈಗಲೂ ವಿಎಫ್‌ಆರ್ ವಿಮಾನ. ಅಪ್ರೋಚ್‌ನ ಗೆರೆಯ ಮೇಲೆ ಹಾರಲು ಅನುಮತಿ ಪಡೆದಿದೆ, ಅಷ್ಟೆ. ಐಎಫ್‌ಆರ್ ಬೇಕೆಂದರೆ ಬಾಯಿಬಿಟ್ಟು ಕೇಳಬೇಕು, ಅವರು ಬೇರೆಯಾಗಿ ಕ್ಲಿಯರೆನ್ಸ್ ಕೊಡಬೇಕು. ಕೇಳದೆ ಅದು ತಾನಾಗಿ ಬರುವುದಿಲ್ಲ.

ಭಾರತದಲ್ಲಿ ಕಲಿತು ಬಂದವರಿಗೆ ಈ ಗೊಂದಲ ಒಂದು ಕೈ ಹೆಚ್ಚು, ಅದಕ್ಕೆ ಕಾರಣವೂ ಇದೆ. ಅಲ್ಲಿ ಊರಿಂದೂರಿಗೆ ಹಾರಬೇಕಾದರೆ ಫ್ಲೈಟ್ ಪ್ಲಾನ್, ಎಫ್‌ಐಸಿ (ಫ್ಲೈಟ್ ಇನ್‌ಫರ್ಮೇಶನ್ ಸೆಂಟರ್) ನಂಬರ್, ಎಡಿಸಿ (ವಾಯುರಕ್ಷಣೆಯ ಕ್ಲಿಯರೆನ್ಸ್) ನಂಬರ್ ಎಲ್ಲ ಕೈಯಲ್ಲಿರಬೇಕು. ಯಾವ ಕಾಗದವೂ ಇಲ್ಲದೆ ಎದ್ದು, ಗಾಳಿಯಲ್ಲಿದ್ದುಕೊಂಡೇ ‘ಒಂದು ಐಎಲ್‌ಎಸ್ ಮಾಡಲೇ?’ ಎಂದು ಕೇಳುವ ಅಮೆರಿಕದ ಸಲಿಗೆ ಅವರಿಗೆ ಹೊಸದು. ಇಷ್ಟು ಸುಲಭವಾಗಿ ಸಿಕ್ಕಿದ್ದರಿಂದ ಎಲ್ಲವೂ ಸಿಕ್ಕಿತು ಎಂದುಕೊಳ್ಳುತ್ತಾರೆ.

ಕಂಟ್ರೋಲರ್ ಎರಡು ಬಗೆಯಲ್ಲಿ ಒಪ್ಪಿಗೆ ಕೊಡಬಹುದು. ಒಂದು ಮೇಲೆ ಹೇಳಿದ್ದು. ಅದರಲ್ಲಿ ಕ್ಲಿಯರೆನ್ಸ್ ಜಾರಿಗೆ ಬಂದ ಕ್ಷಣದಿಂದ ನಿಮಗೂ ಇತರ ವಿಮಾನಗಳಿಗೂ ನಡುವೆ ಸೆಪರೇಶನ್ (ಸುರಕ್ಷಿತ ಅಂತರ) ಇಡುವ ಹೊಣೆ ಅವರದು. ದೊಡ್ಡ ಏರ್‌ಪೋರ್ಟ್‌ಗಳ ಸುತ್ತಲಿನ ಕ್ಲಾಸ್ ಬಿ ಅಥವಾ ಸಿ ವಾಯುಪ್ರದೇಶದ ಒಳಗೆ ಅದಕ್ಕೂ ಮೊದಲೇ ಹೊಕ್ಕರೆ ಆಗಿನಿಂದ. ವಿಎಫ್‌ಆರ್ ವಿಮಾನಕ್ಕೆ ಲಂಬವಾಗಿ 500 ಅಡಿ ಇದ್ದರೂ ಸಾಕು, ಹಾಗಾಗಿ ನೆತ್ತಿಯ ಮೇಲೆ ಸಮೀಪದಲ್ಲೇ ಇನ್ನೊಂದು ವಿಮಾನ ಹಾದುಹೋದರೆ ಗಾಬರಿಯಾಗಬೇಡಿ. ಎರಡನೆಯದು ‘ಪ್ರಾಕ್ಟೀಸ್ ಅಪ್ರೋಚ್ ಅಪ್ರೂವ್ಡ್, ನೋ ಸೆಪರೇಶನ್ ಸರ್ವಿಸಸ್ ಪ್ರೊವೈಡೆಡ್’. ಇದರಲ್ಲಿ ಸಿಕ್ಕರೆ ಟ್ರಾಫಿಕ್ ಮಾಹಿತಿ ಸಿಗಬಹುದು, ಸೆಪರೇಶನ್ ಇಲ್ಲ. ಯಾವ ಏರ್‌ಪೋರ್ಟ್‌ಗಳಲ್ಲಿ ಮೊದಲ ಬಗೆಯ ಸೇವೆ ಇದೆ ಎಂದು ಆಯಾ ಅಪ್ರೋಚ್ ಕಂಟ್ರೋಲ್ ಕೇಂದ್ರ ‘ಲೆಟರ್ ಟು ಏರ್‌ಮೆನ್’ನಲ್ಲಿ ಪ್ರಕಟಿಸುತ್ತದೆ. ಅದನ್ನು ತೆಗೆದು ಓದಿದವರು ಕಡಿಮೆ. ಎರಡೂ ಬಗೆಯಲ್ಲಿ ‘ಮೇಂಟೇನ್ ವಿಎಫ್‌ಆರ್’ ಇದ್ದೇ ಇರುತ್ತದೆ. ಹೊರಗೆ ಕಣ್ಣಿಟ್ಟು ನೋಡಿ ತಪ್ಪಿಸಿಕೊಳ್ಳುವ ಹೊಣೆಯೂ ಎರಡರಲ್ಲೂ ನಿಮ್ಮದೇ.

ಇನ್ನು ಮೋಡ. ನಾರ್‌ಕ್ಯಾಲ್ (ಇಲ್ಲಿನ ಅಪ್ರೋಚ್ ಕಂಟ್ರೋಲ್ ಕೇಂದ್ರ) ಕಂಟ್ರೋಲರ್ ಕೂತಿರುವುದು ಸ್ಯಾಕ್ರಮೆಂಟೊ ಪಕ್ಕದ ಮ್ಯಾಥರ್‌ನಲ್ಲಿ. ಅವರ ರೇಡಾರ್ ಪರದೆಯಲ್ಲಿ ಮಳೆ ಕಾಣುತ್ತದೆ, ಬರಿಯ ಮೋಡ ಕಾಣುವುದಿಲ್ಲ. ಮಾಂಟೆರೆ ಕೊಲ್ಲಿಯ ಮೇಲೆ ಬೇಸಿಗೆಯ ಬೆಳಗ್ಗೆ ಹಾಸಿರುವ ಸ್ಟ್ರೇಟಸ್ ಮೋಡದ ಪದರದತ್ತ ಅವರು ನಿಮಗೆ ಹೆಡಿಂಗ್ (ಹಾರಬೇಕಾದ ದಿಕ್ಕು) ಕೊಟ್ಟರೆ ಅದು ಅವರ ತಪ್ಪಲ್ಲ, ಅವರಿಗೆ ತಿಳಿಯುವ ದಾರಿಯೇ ಇಲ್ಲ. 10,000 ಅಡಿಗಿಂತ ಕೆಳಗಿನ ಕ್ಲಾಸ್ ಇ ಆಗಲಿ, ಸಿ ಅಥವಾ ಡಿ ಆಗಲಿ, ನಿಯಮ ಒಂದೇ: 3 ಸ್ಟ್ಯಾಚ್ಯೂಟ್ ಮೈಲಿ ವಿಸಿಬಿಲಿಟಿ, ಮೋಡದಿಂದ 500 ಅಡಿ ಕೆಳಗೆ, 1,000 ಅಡಿ ಮೇಲೆ, ಪಕ್ಕಕ್ಕೆ 2,000 ಅಡಿ. ವೆಕ್ಟರ್ (ಅವರು ಕೊಟ್ಟ ಹೆಡಿಂಗ್) ಆ ಗಡಿಯೊಳಕ್ಕೆ ಒಯ್ಯುತ್ತಿದ್ದರೆ ‘ಅನೇಬಲ್, ಕ್ಲೌಡ್ಸ್’ (ಆಗದು, ಮೋಡವಿದೆ) ಎಂದು ಹೇಳಿ, ಎಷ್ಟು ಎತ್ತರ ಅಥವಾ ಯಾವ ಹೆಡಿಂಗ್ ಆದರೆ ಸಾಧ್ಯ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ. ಯಾವ ಕಂಟ್ರೋಲರೂ ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ. ಹೇಳದೆ ಮೋಡ ಹೊಕ್ಕಿರಿ ಎಂದರೆ ಕ್ಲಿಯರೆನ್ಸ್ ಇಲ್ಲದೆ ಐಎಂಸಿಯಲ್ಲಿ (ಉಪಕರಣ ನೋಡಿಯೇ ಹಾರಬೇಕಾದ ಹವೆಯಲ್ಲಿ) ಹಾರಿದ ಹಾಗಾಯಿತು. ‘ಅವರೇ ಕಳಿಸಿದರು’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಗುಡ್ಡದ ವಿಷಯವೂ ಹೀಗೆಯೇ, ಆದರೆ ಇದು ಗೊತ್ತಿರುವವರು ಇನ್ನೂ ಕಡಿಮೆ. ಐಎಫ್‌ಆರ್ ವಿಮಾನಕ್ಕೆ ವೆಕ್ಟರ್ ಕೊಡುವಾಗ ಕನಿಷ್ಠ ವೆಕ್ಟರಿಂಗ್ ಎತ್ತರಕ್ಕಿಂತ ಮೇಲೆ ಇಡುವ ಕಟ್ಟುಪಾಡು ಕಂಟ್ರೋಲರ್‌ಗೆ ಇದೆ. ನೀವು ವಿಎಫ್‌ಆರ್, ಅವರು ಎತ್ತರ ನಿಗದಿ ಮಾಡಿಲ್ಲ ಎಂದಾದರೆ, ಅದಕ್ಕಿಂತ ಕೆಳಗಿದ್ದರೂ ಹೆಡಿಂಗ್ ಕೊಡಬಹುದು. ಲಿವರ್‌ಮೋರ್‌ನ ವಾಯವ್ಯಕ್ಕೆ 3,849 ಅಡಿಯ ಮೌಂಟ್ ಡಯಾಬ್ಲೊ ನಿಂತಿದೆ. ಹುಡ್ ಹಾಕಿದವರಿಗೆ ಅದು ಕಾಣದು. ಪಕ್ಕದಲ್ಲಿ ಕೂತವರು ನೋಡಬೇಕು.

ಪಕ್ಕದಲ್ಲಿ ಕೂತವರು ಎಂದರೆ ಸೇಫ್ಟಿ ಪೈಲಟ್. ಆ ಬಗೆಯ ವಿಮಾನಕ್ಕೆ (ಕೆಟಗರಿ, ಕ್ಲಾಸ್ ಎರಡಕ್ಕೂ) ರೇಟಿಂಗ್ ಇರುವ ಪ್ರೈವೇಟ್ ಪೈಲಟ್ ಆದರೂ ಸಾಕು, ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕೆಂದಿಲ್ಲ. ಗೆಳೆಯನನ್ನು ಕೂರಿಸಿಕೊಳ್ಳಿ, ತೊಂದರೆಯಿಲ್ಲ. ಆದರೆ ಆ ಗೆಳೆಯ ಐಪ್ಯಾಡ್‌ನಲ್ಲಿ ನಿಮ್ಮ ಅಪ್ರೋಚ್‌ನ ಅಂದ ನೋಡುತ್ತ ಕೂತರೆ ಕಾಕ್‌ಪಿಟ್‌ನಲ್ಲಿ ಹೊರಗೆ ನೋಡುವವರು ಯಾರೂ ಇಲ್ಲ ಎಂದಾಯಿತು. ನೆಲದ ಮೇಲೆಯೇ ಮೂರು ಮಾತು ಮುಗಿಸಿಕೊಳ್ಳಿ: ಪೈಲಟ್ ಇನ್ ಕಮಾಂಡ್ ಯಾರು, ಟ್ರಾಫಿಕ್ ಕರೆಗೆ ಉತ್ತರ ಕೊಡುವವರು ಯಾರು, ಮೋಡ ಹತ್ತಿರವಾದರೆ ಯಾವ ಮಾತಿಗೆ ಹುಡ್ ತೆಗೆಯುವುದು. ಮೊದಲನೆಯದು ಬರಿಯ ಲಾಗ್‌ಬುಕ್ಕಿನ ವಿಷಯವಲ್ಲ. ಹವೆ ಕೆಟ್ಟಾಗ ಐಎಫ್‌ಆರ್ ಕ್ಲಿಯರೆನ್ಸ್ ಕೇಳಬೇಕಾದರೆ ಪೈಲಟ್ ಇನ್ ಕಮಾಂಡ್‌ಗೆ ರೇಟಿಂಗ್ ಇರಬೇಕು, ಕರೆನ್ಸಿ (ಇತ್ತೀಚಿನ ಅಭ್ಯಾಸದ ಲೆಕ್ಕ) ಇರಬೇಕು, ವಿಮಾನವೂ ಅದಕ್ಕೆ ತಯಾರಿರಬೇಕು. ಇಬ್ಬರಲ್ಲಿ ಯಾರಿಗೂ ರೇಟಿಂಗ್ ಇಲ್ಲದಿದ್ದರೆ ಆ ಬಾಗಿಲು ಮುಚ್ಚಿದೆ ಎಂದು ಎಂಜಿನ್ ಹೊತ್ತಿಸುವ ಮೊದಲೇ ತಿಳಿದಿರಲಿ.

ಈಗ ಕಂಟ್ರೋಲರ್‌ಗಳ ತಾಳ್ಮೆ ಕೆಡಿಸುವ ವಿಷಯಕ್ಕೆ ಬರೋಣ. ಅದು ಮಿಸ್ಡ್ ಅಪ್ರೋಚ್, ಅಂದರೆ ಇಳಿಯದೆ ಮತ್ತೆ ಮೇಲೇರಿ ಹೋಗುವ ದಾರಿ. ವಿಎಫ್‌ಆರ್‌ನಲ್ಲಿ ಪ್ರಾಕ್ಟೀಸ್ ಅಪ್ರೋಚ್ ಸಿಕ್ಕಿತೆಂದರೆ ಚಾರ್ಟ್‌ನಲ್ಲಿ ಅಚ್ಚಾದ ಮಿಸ್ಡ್ ಅಪ್ರೋಚ್ ಅದರ ಜೊತೆಗೆ ಬರುವುದಿಲ್ಲ. ಬೇಕಿದ್ದರೆ ಪ್ರತ್ಯೇಕವಾಗಿ ಕೇಳಿ ಒಪ್ಪಿಗೆ ಪಡೆಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕಂಟ್ರೋಲರ್ ಸಾಮಾನ್ಯವಾಗಿ ಕ್ಲೈಂಬ್‌ಔಟ್ ಸೂಚನೆ ಕೊಡುತ್ತಾರೆ: ಲೋ ಅಪ್ರೋಚ್ (ನೆಲ ಮುಟ್ಟದೆ ರನ್‌ವೇ ಮೇಲೆ ಹಾದುಹೋಗುವುದು) ಮುಗಿದ ಮೇಲೆ ಇಂಥ ಹೆಡಿಂಗ್, ಇಷ್ಟು ಎತ್ತರ, ವಿಎಫ್‌ಆರ್‌ನಲ್ಲೇ ಇರಿ. ಅದು ಬಂದಮೇಲೆ ಚಾರ್ಟ್‌ನ ಮಿಸ್ಡ್ ನಿಮಗೆ ಅನ್ವಯಿಸುವುದಿಲ್ಲ. ಅವರು ಆ ಹೆಡಿಂಗ್ ಆಯ್ದುಕೊಂಡಿದ್ದಕ್ಕೆ ಕಾರಣವಿರುತ್ತದೆ: ನಿಮ್ಮ ಹಿಂದೆ ಇನ್ನೊಬ್ಬರು ಅದೇ ಅಪ್ರೋಚ್‌ನಲ್ಲಿರುತ್ತಾರೆ, ಮೇಲ್ಗಡೆ ಪೂರ್ವದಿಂದ ಓಕ್‌ಲ್ಯಾಂಡ್‌ಗೆ ಇಳಿಯುವ ಜೆಟ್‌ಗಳಿರುತ್ತವೆ.

ಸೂಚನೆ ಸರಿಯಾಗಿ ರೀಡ್‌ಬ್ಯಾಕ್ ಮಾಡಿದವರೂ ತಪ್ಪು ಕಡೆಗೆ ತಿರುಗುತ್ತಾರಲ್ಲ, ಅದು ಹೇಗೆ? ಬಹಳ ಸಲ ಕೈವಾಡ ಪೆಟ್ಟಿಗೆಯದು, ಅಂದರೆ ಕಾಕ್‌ಪಿಟ್‌ನ ಜಿಪಿಎಸ್‌ನದು. ಗೋ-ಅರೌಂಡ್ ಒತ್ತಿದ ಕೂಡಲೇ, ಅಥವಾ ಜಿಪಿಎಸ್‌ನ ಸಸ್ಪೆಂಡ್ (ದಾರಿಯ ಮುಂದಿನ ಭಾಗವನ್ನು ತಡೆಹಿಡಿದ ಸ್ಥಿತಿ) ಬಿಡಿಸಿದ ಕೂಡಲೇ, ಅದು ಚಾರ್ಟ್‌ನ ಮಿಸ್ಡ್ ಅನ್ನು ಪರದೆಯ ಮೇಲೆ ಗುಲಾಬಿ ಗೆರೆಯಾಗಿ ಬಿಡಿಸುತ್ತದೆ. ಆಟೊಪೈಲಟ್ ನ್ಯಾವ್ ಮೋಡ್‌ನಲ್ಲಿದ್ದರೆ ವಿಧೇಯವಾಗಿ ಅದರ ಹಿಂದೆ ಹೊರಡುತ್ತದೆ. ಪೈಲಟ್‌ನ ಕಣ್ಣೂ ಗೆರೆಯ ಹಿಂದೆಯೇ ಹೋಗುತ್ತದೆ. ಪರಿಹಾರ ಸರಳ: ಕ್ಲೈಂಬ್‌ಔಟ್ ಸೂಚನೆ ಬಂದ ತಕ್ಷಣ, ಫೈನಲ್ ಅಪ್ರೋಚ್ ಫಿಕ್ಸ್‌ಗೆ (ಕೊನೆಯ ಇಳಿತ ಶುರುವಾಗುವ ಗುರುತಿಗೆ) ಮೊದಲೇ, ಅದನ್ನು ಬರೆದುಕೊಂಡು ಹೆಡಿಂಗ್ ಬಗ್ (ದಿಕ್ಕು ಗುರುತಿಸುವ ಸೂಚಕ) ಅನ್ನು ಆ ಹೆಡಿಂಗ್‌ಗೆ ಇಡಿ. ಗ್ಲೈಡ್‌ಸ್ಲೋಪ್ ಹಿಡಿದಾದ ಮೇಲೆ ಆಲ್ಟಿಟ್ಯೂಡ್ ಪ್ರೀಸೆಲೆಕ್ಟ್ ಅನ್ನು ಕ್ಲೈಂಬ್‌ಔಟ್‌ನ ಎತ್ತರಕ್ಕೆ ತಿರುಗಿಸಿ. ಪವರ್ ಕೊಟ್ಟು ಮೂಗೆತ್ತಿದ ಮೇಲೆ ಮೊದಲ ಗುಂಡಿ ಹೆಡಿಂಗ್ ಮೋಡ್‌ನದ್ದಾಗಿರಲಿ. ಪೆಟ್ಟಿಗೆಯ ಕೆಲಸ ಆಮೇಲೆ. ಫಿಕ್ಸ್ ದಾಟುವ ಹೊತ್ತಿಗೂ ಸೂಚನೆ ಬರದಿದ್ದರೆ ಕೇಳಿ, ‘ರಿಕ್ವೆಸ್ಟ್ ಕ್ಲೈಂಬ್‌ಔಟ್’ ಎಂದರೆ ಸಾಕು. ಇಳಿಯುವುದೋ ಮೇಲೇರುವುದೋ ಎಂದು ತೀರ್ಮಾನಿಸುವ ಡಿಸಿಶನ್ ಆಲ್ಟಿಟ್ಯೂಡ್‌ನಲ್ಲಿ ಕೇಳುವ ಪ್ರಶ್ನೆ ಅದಲ್ಲ.

ಇಷ್ಟು ಗೋಜಲೇ ಬೇಡವೆಂದರೆ ಮೊದಲ ಕರೆಯಲ್ಲೇ ಪೂರ್ತಿ ಹೇಳಿಬಿಡಿ. ಪ್ರಾಕ್ಟೀಸ್ ಎಂಬ ಪದ, ಯಾವ ಅಪ್ರೋಚ್, ಪೂರ್ತಿ ಪ್ರೊಸೀಜರ್ ಬೇಕೋ ವೆಕ್ಟರ್ ಸಾಕೋ, ಹೇಗೆ ಮುಗಿಸುತ್ತೀರಿ, ಆಮೇಲೆ ಎಲ್ಲಿಗೆ. ಫ್ರೀಕ್ವೆನ್ಸಿ ತುಂಬಿದ್ದರೆ ಮೊದಲು ಕರೆಗುರುತು ಹೇಳಿ ‘ವಿಎಫ್‌ಆರ್ ರಿಕ್ವೆಸ್ಟ್’ ಎಂದಷ್ಟೇ ಹೇಳಿ ಕಾಯಿರಿ. ಅವರು ಕೇಳಿದಾಗ ಒಂದೇ ಉಸಿರಿಗೆ: ಎಲ್ಲಿದ್ದೀರಿ, ಎಷ್ಟು ಎತ್ತರ, ಏಟಿಸ್ (ಏರ್‌ಪೋರ್ಟ್‌ನ ಧ್ವನಿಮುದ್ರಿತ ಹವೆ ಮಾಹಿತಿ) ಅಕ್ಷರ, ‘ಪ್ರಾಕ್ಟೀಸ್ ಐಎಲ್‌ಎಸ್ ಟೂ ಫೈವ್ ರೈಟ್ ಲಿವರ್‌ಮೋರ್, ವೆಕ್ಟರ್ಸ್, ಲೋ ಅಪ್ರೋಚ್, ದೆನ್ ಪ್ರಾಕ್ಟೀಸ್ ಐಎಲ್‌ಎಸ್ ಸ್ಟಾಕ್‌ಟನ್, ಫುಲ್ ಸ್ಟಾಪ್’. ಮುಕ್ತಾಯ ಹೇಳದ ಪೈಲಟ್‌ಗೆ ಸಾಲಿನಲ್ಲಿ ಜಾಗ ಹೊಂದಿಸುವುದು, ಎಷ್ಟು ಜನ ಊಟಕ್ಕೆ ಬರುತ್ತಾರೆಂದು ಹೇಳದ ಬೀಗರಿಗೆ ಎಲೆ ಹಾಕಿದ ಹಾಗೆ. ಟಚ್ ಆ್ಯಂಡ್ ಗೋಗೆ (ನೆಲ ಮುಟ್ಟಿ ಮತ್ತೆ ಏರುವುದಕ್ಕೆ) ರನ್‌ವೇ ಬೇಕು, ಲೋ ಅಪ್ರೋಚ್‌ಗೆ ಆಚೆ ತುದಿಯ ಆಕಾಶ ಬೇಕು, ಫುಲ್ ಸ್ಟಾಪ್‌ಗೆ ನೀವು ಟ್ಯಾಕ್ಸಿವೇಗೆ ಹೊರಳುವವರೆಗೆ ಹಿಂದಿನವರನ್ನು ತಡೆಯಬೇಕು. ಮೂರಕ್ಕೂ ಲೆಕ್ಕ ಬೇರೆ.

ಕೆಲವೊಮ್ಮೆ ಉತ್ತರ ‘ಅನೇಬಲ್’ ಎಂದೇ ಬರುತ್ತದೆ. ಕೊಟ್ಟ ಒಪ್ಪಿಗೆಯನ್ನು ನಡುವೆ ಹಿಂತೆಗೆದುಕೊಳ್ಳುವ ಅಧಿಕಾರವೂ ಅವರಿಗಿದೆ. ನಿಜವಾಗಿ ಎಲ್ಲಿಗೋ ಹೋಗುತ್ತಿರುವವರ ಓಟ ಕೆಡದಂತೆ ಅಭ್ಯಾಸದವರನ್ನು ನಡುವೆ ತೂರಿಸುವುದು ಅವರ ಕೆಲಸ. ಮುನಿಸಿಕೊಂಡು ಪ್ರಯೋಜನವಿಲ್ಲ. ಕಾಯುತ್ತೀರಾ, ಬೇರೆ ಏರ್‌ಪೋರ್ಟ್ ಕೇಳುತ್ತೀರಾ, ಎರಡರಲ್ಲೊಂದು ಹೇಳಿ ಫ್ರೀಕ್ವೆನ್ಸಿ ಬಿಡಿ. ವಾರದ ನಡುವಿನ ದಿನ ರಜೆ ಸಿಗುವುದಾದರೆ ಆಗ ಹಾರಿ.

ಟವರ್ ಇಲ್ಲದ ಕಡೆ ಇನ್ನೊಂದು ಬಗೆಯ ಪೆದ್ದುತನ ನಡೆಯುತ್ತದೆ. ಅಪ್ರೋಚ್ ಕಂಟ್ರೋಲ್ ಫ್ರೀಕ್ವೆನ್ಸಿ ಬದಲಿಸಲು ಹೇಳುತ್ತದೆ, ಪೈಲಟ್ ಸಿಟಿಎಎಫ್‌ಗೆ (ಪೈಲಟ್‌ಗಳೇ ಪರಸ್ಪರ ಮಾತಾಡುವ ಫ್ರೀಕ್ವೆನ್ಸಿಗೆ) ಬಂದು ಐದಕ್ಷರದ ಫಿಕ್ಸ್ ಹೆಸರು ಹೇಳಿ ‘ಇನ್‌ಬೌಂಡ್’ ಎನ್ನುತ್ತಾನೆ. ಪ್ಯಾಟರ್ನ್‌ನಲ್ಲಿ (ರನ್‌ವೇ ಸುತ್ತ ಹಾರುವ ದಾರಿಯಲ್ಲಿ) ಮೂರನೆಯ ಸೋಲೊ ಹಾರುತ್ತಿರುವ ವಿದ್ಯಾರ್ಥಿಗೆ ಆ ಹೆಸರು ಏನೂ ಹೇಳುವುದಿಲ್ಲ. ಎಷ್ಟು ಮೈಲಿ, ಯಾವ ದಿಕ್ಕು, ಎಷ್ಟು ಎತ್ತರ, ಯಾವ ರನ್‌ವೇಗೆ ಸ್ಟ್ರೇಟ್-ಇನ್ (ಸುತ್ತು ಹಾಕದೆ ನೇರವಾಗಿ), ಇಳಿಯುತ್ತೀರೋ ಲೋ ಅಪ್ರೋಚೋ, ಇಷ್ಟು ಹೇಳಿ. 2022ರ ಆಗಸ್ಟ್‌ನಲ್ಲಿ ವಾಟ್ಸನ್‌ವಿಲ್‌ನಲ್ಲಿ ಸ್ಟ್ರೇಟ್-ಇನ್ ಬರುತ್ತಿದ್ದ ಅವಳಿ ಎಂಜಿನ್‌ನ ಸೆಸ್ನಾ 340, ಪ್ಯಾಟರ್ನ್‌ನಲ್ಲಿದ್ದ ಸೆಸ್ನಾ 152ಕ್ಕೆ ಡಿಕ್ಕಿ ಹೊಡೆದು ಮೂವರು ಸತ್ತರು. ಇಬ್ಬರೂ ರೇಡಿಯೋದಲ್ಲಿ ಮಾತಾಡುತ್ತಲೇ ಇದ್ದರು. 340ರ ವೇಗ ಅಪ್ರೋಚ್‌ಗೆ ಇರಬೇಕಾದುದಕ್ಕಿಂತ ಬಹಳ ಹೆಚ್ಚಿತ್ತು. ಅದು ಪ್ರಾಕ್ಟೀಸ್ ಅಪ್ರೋಚ್‌ನ ಕಥೆಯಲ್ಲದಿದ್ದರೂ ಉದ್ದನೆಯ ಫೈನಲ್‌ನಲ್ಲಿ, ತಲೆ ತಗ್ಗಿಸಿಕೊಂಡು ಬರುವವರು ಓದಿಕೊಳ್ಳಬೇಕಾದ ವರದಿ. ಪ್ಯಾಟರ್ನ್ ತುಂಬಿದ್ದರೆ, ಅಥವಾ ಉಳಿದವರು ಎದುರು ರನ್‌ವೇ ಬಳಸುತ್ತಿದ್ದರೆ, ಹುಡ್ ತೆಗೆದು ಅಪ್ರೋಚ್ ಬೇಗ ಮುರಿಯಿರಿ.

ರೇಡಿಯೋ ಸತ್ತರೆ? ಐಎಫ್‌ಆರ್‌ನ ಲಾಸ್ಟ್ ಕಮ್ಯುನಿಕೇಶನ್ ನಿಯಮ ನಿಮಗಲ್ಲ. ಟ್ರಾನ್ಸ್‌ಪಾಂಡರ್‌ನಲ್ಲಿ 7600 (ರೇಡಿಯೋ ಕೆಟ್ಟಿದೆ ಎಂಬ ಕೋಡ್) ಹಾಕಿ, ವಿಎಫ್‌ಆರ್‌ನಲ್ಲೇ ಇದ್ದು, ಹತ್ತಿರದಲ್ಲಿ ಇಳಿಯಿರಿ.

ಅಪ್ರೋಚ್ ಮುರಿಯಬೇಕಾಗಿ ಬಂದಾಗ ಬಹಳ ಮಂದಿಗೆ ಕಾಡುವುದು ಕರೆನ್ಸಿಯ ಚಿಂತೆ. ಆರು ತಿಂಗಳಲ್ಲಿ ಆರು ಅಪ್ರೋಚ್, ಹೋಲ್ಡಿಂಗ್, ಕೋರ್ಸ್ ಹಿಡಿದು ಸಾಗುವುದು, ಇಷ್ಟು ಆಗಲೇಬೇಕು. ಹುಡ್ ಕೆಳಗಿನ ಅಪ್ರೋಚ್ ಲೆಕ್ಕಕ್ಕೆ ಬರಬೇಕಾದರೆ ಡಿಸಿಶನ್ ಆಲ್ಟಿಟ್ಯೂಡ್ ಅಥವಾ ಎಂಡಿಎವರೆಗೆ (ಇಳಿಯಬಹುದಾದ ಕನಿಷ್ಠ ಎತ್ತರದವರೆಗೆ) ಹಾರಿರಬೇಕು. ಸುರಕ್ಷತೆಗಾಗಿ ಫೈನಲ್‌ನಿಂದ ಪಕ್ಕಕ್ಕೆ ಸರಿಯಬೇಕಾಗಿ ಬಂದಿದ್ದರೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಅದನ್ನು ಒಪ್ಪುತ್ತದೆ. ಟವರ್ ಐದು ಮೈಲಿಯಲ್ಲೇ ‘ಬ್ರೇಕ್ ಆಫ್ ದಿ ಅಪ್ರೋಚ್’ ಎಂದು ಕಳಿಸಿದ್ದನ್ನು ಅದರಡಿ ತುರುಕುವುದು ನನ್ನ ಪ್ರಕಾರ ಜಾಣತನವಲ್ಲ. ಆ ಸಾಲನ್ನು ಲಾಗ್‌ಬುಕ್ಕಿನಲ್ಲಿ ಖಾಲಿ ಬಿಟ್ಟು ಇನ್ನೊಂದು ಅಪ್ರೋಚ್ ಕೇಳಿ. ಸೇಫ್ಟಿ ಪೈಲಟ್‌ನ ಹೆಸರನ್ನೂ ಅದರಲ್ಲಿ ಬರೆಯಬೇಕು, ಅದನ್ನು ಮರೆಯುವವರೂ ಬಹಳ.