ಸಕ್ಕರೆಯ ನಿಯಂತ್ರಣ ಸಡಿಲಿಸಿದ್ದು ಯಾರಿಗಾಗಿ?

ಕಬ್ಬು ನುರಿಸುವ ಹಂಗಾಮು ಹತ್ತಿರವಾದಂತೆ ಕಲಬುರಗಿ, ಬೀದರ್ ಜಿಲ್ಲಾಧಿಕಾರಿ ಕಚೇರಿಗಳಲ್ಲಿ ದರದ ಸಭೆಗಳು ಶುರುವಾಗುತ್ತವೆ. ಒಂದು ಸಾಲಿನಲ್ಲಿ ಕಾರ್ಖಾನೆಗಳ ಪ್ರತಿನಿಧಿಗಳು, ಎದುರು ಸಾಲಿನಲ್ಲಿ ಹಸಿರು ಶಾಲು ಹೊದ್ದ ರೈತರು. ಮಾತು ಎಫ್‌ಆರ್‌ಪಿಯದು, ಅಂದರೆ ಕಾರ್ಖಾನೆ ಕೊಡಲೇಬೇಕೆಂದು ಕೇಂದ್ರ ನಿಗದಿಪಡಿಸಿದ ಕಬ್ಬಿನ ದರದ್ದು. ‘ಎಫ್‌ಆರ್‌ಪಿ ಕೊಡುತ್ತೇವೆ, ಅದರ ಮೇಲೆ ನಯಾಪೈಸೆ ಆಗುವುದಿಲ್ಲ’ ಎಂದು ಕಾರ್ಖಾನೆಯವರು, ‘ಎಫ್‌ಆರ್‌ಪಿಯಲ್ಲಿ ಗೊಬ್ಬರದ ಸಾಲವೂ ತೀರುವುದಿಲ್ಲ’ ಎಂದು ರೈತರು. ಒಂದೆರಡು ಸುತ್ತಿನ ಮಾತಾದ ಮೇಲೆ ಸಭೆ ಮುಂದಕ್ಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಆ ಮೇಜಿನ ಮೇಲೆ ತೀರ್ಮಾನಕ್ಕೆ ಉಳಿದಿರುವುದೇ ಅಲ್ಪ. ದರದ ಬಹುಭಾಗ ದೆಹಲಿಯಲ್ಲಿ ಮೊದಲೇ ನಿರ್ಧಾರವಾಗಿರುತ್ತದೆ. ಆ ನಿರ್ಧಾರದ ಷರತ್ತುಗಳು ದಶಕಗಳಿಂದ ಒಂದೇ ದಿಕ್ಕಿಗೆ ವಾಲುತ್ತ ಬಂದಿವೆ.

ಸರ್ಕಾರದ ಆಸರೆಯಿಲ್ಲದೆ ಸಕ್ಕರೆ ಉದ್ಯಮ ಈ ದೇಶದಲ್ಲಿ ಎಂದೂ ನಿಂತಿಲ್ಲ. 1932ರಲ್ಲಿ ಬ್ರಿಟಿಷ್ ಸರ್ಕಾರ ಜಾವಾದ ಸಕ್ಕರೆಯ ಮೇಲೆ ಭಾರಿ ಸುಂಕ ಹಾಕಿ ಇಲ್ಲಿನ ಗಿರಣಿಗಳಿಗೆ ರಕ್ಷಣೆ ಕೊಟ್ಟಿತು. ಗಿರಣಿ ಮಾಲೀಕರ ಅಖಿಲ ಭಾರತ ಸಂಘ ‘ಇಸ್ಮಾ’ ಹುಟ್ಟಿದ್ದೂ ಅದೇ ವರ್ಷ. ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಬೀದರ್‌ನಿಂದ ಬಹಳ ದೂರವಲ್ಲದ ಬೋಧನ್‌ನಲ್ಲಿ ನಿಜಾಮ್ ಸಕ್ಕರೆ ಕಾರ್ಖಾನೆ ತಲೆಯೆತ್ತಿದ್ದು ಆ ದಶಕದ ಕೊನೆಯಲ್ಲಿ. ಕಬ್ಬಿಗೆ ಕಾರ್ಖಾನೆ, ಕಾರ್ಖಾನೆಗೆ ಸರ್ಕಾರ ಎಂಬ ನಂಟು ಅಂದಿನಿಂದಲೂ ಬಿಗಿಯಾಗಿದೆ.

ಸ್ವಾತಂತ್ರ್ಯಾನಂತರ ಬಂದ ಮುಖ್ಯ ಕಟ್ಟಳೆ 1966ರ ಕಬ್ಬು ನಿಯಂತ್ರಣ ಆದೇಶ. ಕೇಂದ್ರ ಕನಿಷ್ಠ ದರ ನಿಗದಿಪಡಿಸಬೇಕು, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಬಾಕಿಗಾಗಿ ತಿಂಗಳುಗಟ್ಟಲೆ ಅಲೆಯುವ ರೈತನಿಗೆ ಈ ಬಡ್ಡಿ ತಾನಾಗಿ ಬಂದು ಸೇರುವುದಿಲ್ಲ. ಕೇಳಿದರೆ ಮುಂದಿನ ಹಂಗಾಮಿನಲ್ಲಿ ಕಟಾವಿನ ಸರದಿ ತಡವಾದೀತು ಎಂಬ ಅಳುಕಿನಿಂದ ಅನೇಕರು ಬಾಯಿ ಬಿಡುವುದಿಲ್ಲ.

ಕಾರ್ಖಾನೆಯ ಕೈಯನ್ನೂ ಸರ್ಕಾರ ಕಟ್ಟಿತ್ತು. 1967ರಿಂದ ಉತ್ಪಾದನೆಯ ಶೇ 60ರಷ್ಟನ್ನು ಪಡಿತರಕ್ಕಾಗಿ ಕಡಿಮೆ ದರದಲ್ಲಿ ಲೆವಿ ಕೊಡಬೇಕಿತ್ತು. ಉಳಿದದ್ದನ್ನು ಯಾವ ತಿಂಗಳು ಎಷ್ಟು ಮಾರಬೇಕೆಂದು ದೆಹಲಿ ಹೇಳುತ್ತಿತ್ತು. 1978ರಲ್ಲಿ ಜನತಾ ಸರ್ಕಾರ ಒಮ್ಮೆಗೇ ನಿಯಂತ್ರಣ ತೆಗೆದುಹಾಕಿತು. ಬೆಲೆ ಬಿದ್ದು, ಕಬ್ಬು ಕುಸಿದು, ಮರುವರ್ಷವೇ ಲೆವಿ ಮರಳಿತು.

ರೈತರ ಪಾಲಿಗೆ ಬಂದ ಒಂದು ಒಳ್ಳೆಯ ನಿಯಮವೂ ಅದೇ ಕಾಲದ್ದು. ಭಾರ್ಗವ ಆಯೋಗದ ಶಿಫಾರಸಿನಂತೆ 1974ರಲ್ಲಿ ಕಬ್ಬು ಆದೇಶಕ್ಕೆ ‘5ಎ’ ಎಂಬ ಕಲಂ ಸೇರಿತು. ಹಂಗಾಮು ಮುಗಿದ ಮೇಲೆ ಸಕ್ಕರೆಯಿಂದ ಬಂದ ಹೆಚ್ಚುವರಿ ಲಾಭವನ್ನು ಕಾರ್ಖಾನೆ ಮತ್ತು ಬೆಳೆಗಾರ ಅರ್ಧರ್ಧ ಹಂಚಿಕೊಳ್ಳಬೇಕು ಎಂಬುದು ಅದರ ತಿರುಳು. ಪೂರ್ತಿ ಜಾರಿಯಾದ ಕಡೆಗಳು ಕಡಿಮೆ, ಆದರೆ ಕಾಗದದ ಮೇಲಾದರೂ ರೈತ ಲಾಭದ ಪಾಲುದಾರನಾಗಿದ್ದ. ಹುಮನಾಬಾದ್ ಕಡೆಯ ಹಳ್ಳಿಖೇಡ, ಬೀದರ್ ಬಳಿಯ ಜನವಾಡ, ಭಾಲ್ಕಿಯ ಹುಣಜಿ, ಆಳಂದದ ಭೂಸನೂರು: ಈ ಸಹಕಾರಿ ಕಾರ್ಖಾನೆಗಳು ಎದ್ದದ್ದೂ ಇದೇ ನಂಬಿಕೆಯ ಮೇಲೆ. ಷೇರು ಕೊಂಡ ರೈತನೇ ಮಾಲೀಕ ಎನ್ನುವ ಮಾತು ಆಗ ಬರೀ ಭಾಷಣವಾಗಿರಲಿಲ್ಲ. ಇವತ್ತು ಹಳ್ಳಿಖೇಡದ ಕಾರ್ಖಾನೆ ಸಾಲದಲ್ಲಿ ಮುಳುಗಿ ನಿಂತಿದೆ, ಭೂಸನೂರಿನದು ಖಾಸಗಿ ಕಂಪನಿಯ ಗುತ್ತಿಗೆಯಲ್ಲಿದೆ. ಹವಳಗಾ, ಚಿಣಮಗೇರಾದಂಥ ಭೀಮಾ ತೀರದ ಊರುಗಳಲ್ಲಿ ಹೊಗೆ ಏಳುತ್ತಿರುವುದು ಖಾಸಗಿ ಚಿಮಣಿಗಳಿಂದ.

1998ರಲ್ಲಿ ಉದ್ಯಮಕ್ಕೆ ಲೈಸೆನ್ಸ್ ಬೇಡ ಎಂದಾಯಿತು. ಲೆವಿಯ ಪಾಲು ಇಳಿಯುತ್ತ 2002ರ ವೇಳೆಗೆ ಶೇ 10ಕ್ಕೆ ಬಂತು. ಎರಡೂ ಗಿರಣಿಗಳ ಹಳೆಯ ಬೇಡಿಕೆಗಳೇ. ನಿಜವಾದ ತಿರುವು ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಲೆವಿ ಸಕ್ಕರೆಗೆ ಕಡಿಮೆ ಬೆಲೆ ಕೊಟ್ಟಿದ್ದೀರಿ ಎಂಬ ಗಿರಣಿಗಳ ಮೊಕದ್ದಮೆಯಲ್ಲಿ ಕೇಂದ್ರ ಸೋತಿತ್ತು, ಸಾವಿರಾರು ಕೋಟಿಯ ಹೊರೆ ಎದುರಿಗಿತ್ತು. ಅದನ್ನು ತಪ್ಪಿಸಿಕೊಳ್ಳಲು ಸುಗ್ರೀವಾಜ್ಞೆ ಬಂತು. ಅದರ ಬೆನ್ನಿಗೇ ಕಬ್ಬು ಆದೇಶವೂ ತಿದ್ದುಪಡಿಯಾಯಿತು. ಹಳೆಯ ಕನಿಷ್ಠ ದರ ಹೋಗಿ ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆ’, ಅಂದರೆ ಎಫ್‌ಆರ್‌ಪಿ ಬಂತು. ಕಲಂ 5ಎ ಸದ್ದಿಲ್ಲದೆ ಕಣ್ಮರೆಯಾಯಿತು. ಲಾಭದ ಅಂಶವನ್ನು ಮೊದಲೇ ದರದಲ್ಲಿ ಸೇರಿಸಿದ್ದೇವಲ್ಲ, ಕೊನೆಯಲ್ಲಿ ಹಂಚುವುದೇಕೆ ಎಂಬುದು ಸಮರ್ಥನೆ. ರಾಜ್ಯವೊಂದು ಎಫ್‌ಆರ್‌ಪಿಗಿಂತ ಹೆಚ್ಚು ದರ ಘೋಷಿಸಿದರೆ ವ್ಯತ್ಯಾಸವನ್ನು ರಾಜ್ಯವೇ ಭರಿಸಬೇಕು ಎಂಬ 3ಬಿ ಕಲಮನ್ನೂ ಅದೇ ಏಟಿಗೆ ಸೇರಿಸಿದ್ದರು. ನವೆಂಬರ್‌ನಲ್ಲಿ ಉತ್ತರ ಪ್ರದೇಶದ ರೈತರು ದೆಹಲಿಯ ಬೀದಿ ತುಂಬಿದ ಮೇಲೆ 3ಬಿ ಹೋಯಿತು. 5ಎ ಮರಳಲಿಲ್ಲ. ಬೀದಿ ತುಂಬುವಷ್ಟು ಹತ್ತಿರದಲ್ಲಿ ಇದ್ದವರಿಗೆ ಬೇಕಾದದ್ದು ಸಿಕ್ಕಿತು ಎಂದೇ ನಾನು ಇದನ್ನು ಓದುತ್ತೇನೆ.

2012ರಲ್ಲಿ ಸಕ್ಕರೆಯ ನಿಯಂತ್ರಣ ಕುರಿತು ಅರ್ಥಶಾಸ್ತ್ರಜ್ಞ ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಅದರಲ್ಲಿ ಎರಡು ಬಗೆಯ ಸಲಹೆಗಳಿದ್ದವು. ಲೆವಿ ಮತ್ತು ಮಾಸಿಕ ಮಾರಾಟದ ಹಿಡಿತ ತೆಗೆಯಿರಿ ಎಂಬುದು ಗಿರಣಿಗಳಿಗೆ ಹಿತವಾದದ್ದು. ಸಕ್ಕರೆ ಹಾಗೂ ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70ರಷ್ಟನ್ನು ರೈತರಿಗೆ ಹಂಚಿರಿ, ಎರಡು ಕಾರ್ಖಾನೆಗಳ ನಡುವಿನ ಕನಿಷ್ಠ ಅಂತರದ ನಿಯಮ ಬಿಟ್ಟುಬಿಡಿ ಎಂಬುದು ಬೆಳೆಗಾರರಿಗೆ ಹಿತವಾದದ್ದು. ಮೊದಲನೆಯದು 2013ರಲ್ಲೇ ಜಾರಿಯಾಯಿತು. ಎರಡನೆಯದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟರು. ಕರ್ನಾಟಕ ಅದೇ ವರ್ಷ ಕಾಯ್ದೆ ಮಾಡಿ ಕಬ್ಬು ನಿಯಂತ್ರಣ ಮಂಡಳಿ ರಚಿಸಿತು, ನಿಜ. ಆದರೆ ಕಾರ್ಖಾನೆಯ ಖಾತೆಪುಸ್ತಕ ಬಿಚ್ಚಿ ಎಥೆನಾಲ್, ವಿದ್ಯುತ್, ಕಾಕಂಬಿಯ ಲೆಕ್ಕ ತೆಗೆಯುವ ಬಲ ಮಂಡಳಿಯ ಕಡೆಯಿಂದ ಕಾಣಲಿಲ್ಲ. 15 ಕಿ.ಮೀ. ಅಂತರದ ನಿಯಮ ಇನ್ನೂ ಇದೆ. ಜೇವರ್ಗಿ, ಅಫಜಲಪುರದಂಥ ಕಡೆ ಕಾರ್ಖಾನೆಗಳೇ ಬೆರಳೆಣಿಕೆಯಷ್ಟು. ಕಡಿದ ಕಬ್ಬು ಬಿಸಿಲಿನಲ್ಲಿ ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಕಾಟಾದ ಮುಂದೆ ಟ್ರಾಕ್ಟರ್ ಸಾಲಿನಲ್ಲಿ ನಿಂತವನು ದರ ಒಪ್ಪದೆ ಬೇರೆ ಕಾರ್ಖಾನೆಗೆ ಹೊರಳಿಕೊಂಡು ಹೋಗಲಾರ.

ಇನ್ನು ಇಳುವರಿಯ, ಅಂದರೆ ನುರಿಸಿದ ಕಬ್ಬಿನ ತೂಕದಲ್ಲಿ ಶೇಕಡ ಎಷ್ಟು ಸಕ್ಕರೆ ಬಂತು ಎಂಬುದರ ವಿಷಯ. ಈ ಇಡೀ ಇತಿಹಾಸದಲ್ಲಿ ಅತ್ಯಂತ ನಾಜೂಕಾಗಿ ನಡೆದ ಕೆಲಸ ಇದೇ ಎಂದು ನನಗೆ ಅನ್ನಿಸುತ್ತದೆ. ಎಫ್‌ಆರ್‌ಪಿ ಒಂದು ನಿರ್ದಿಷ್ಟ ಸಕ್ಕರೆ ಇಳುವರಿಗೆ ನಿಗದಿಯಾಗುತ್ತದೆ, ಅದಕ್ಕಿಂತ ಹೆಚ್ಚಿದ ಪ್ರತಿ ಶೇ 0.1ಕ್ಕೂ ಸ್ವಲ್ಪ ಹೆಚ್ಚುವರಿ ಸೇರುತ್ತದೆ. 2017–18ರಲ್ಲಿ ಶೇ 9.5ರ ಇಳುವರಿಗೆ ಟನ್ನಿಗೆ 2,550 ರೂಪಾಯಿ ಇತ್ತು. ಮರುವರ್ಷ 2,750 ಎಂದು ಘೋಷಿಸಿದರು. 200 ರೂಪಾಯಿ ಏರಿಕೆ ಎಂದು ಪತ್ರಿಕೆಗಳ ತಲೆಬರಹ. ಆದರೆ ಮೂಲ ಇಳುವರಿಯನ್ನು ಶೇ 10ಕ್ಕೆ ಏರಿಸಿದ್ದರು. ಹಳೆಯ ಲೆಕ್ಕದಲ್ಲೇ ಶೇ 10ರ ಇಳುವರಿಗೆ 2,684 ರೂಪಾಯಿ ಬರುತ್ತಿತ್ತು. ಹಾಗಾಗಿ ನಿಜವಾದ ಏರಿಕೆ 66 ರೂಪಾಯಿ. 2022–23ರಲ್ಲಿ ಮೂಲ ಇಳುವರಿ ಶೇ 10.25ಕ್ಕೆ ಹೋಯಿತು. ಘೋಷಣೆ 150 ರೂಪಾಯಿಯದು, ಕೈಗೆ ಸಿಕ್ಕಿದ್ದು 77 ರೂಪಾಯಿ 50 ಪೈಸೆ.

ಉತ್ತರ ಪ್ರದೇಶದಲ್ಲಿ ಕೋ 0238 ಎಂಬ ಕಬ್ಬಿನ ತಳಿ ಹರಡಿ ಅಲ್ಲಿನ ಇಳುವರಿ ಏರಿತ್ತು, ದೇಶದ ಸರಾಸರಿಯೂ ಮೇಲೆ ಹೋಗಿತ್ತು. ಮೂಲ ಇಳುವರಿ ಏರಿದ್ದು ಅದರ ಬೆನ್ನಿಗೆ. ಅಲ್ಲಿನ ತಳಿಯ ಯಶಸ್ಸಿಗೆ ಇಲ್ಲಿನ ಬೆಳೆಗಾರ ಬೆಲೆ ತೆತ್ತ. 2025–26ರಲ್ಲಿ ಎಫ್‌ಆರ್‌ಪಿ ಶೇ 10.25ಕ್ಕೆ 3,550 ರೂಪಾಯಿ. ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಯ ಕಾರ್ಖಾನೆಗೆ ಕಬ್ಬು ಹಾಕಿದರೆ 3,290 ರೂಪಾಯಿ 50 ಪೈಸೆ. ಇದೂ ಕಾರ್ಖಾನೆ ಬಾಗಿಲಿನ ದರ. ಕಟಾವು ಗ್ಯಾಂಗು, ಸಾಗಾಣಿಕೆಗೆ ಟನ್ನಿಗೆ 800 ರೂಪಾಯಿ ಕಳೆಯಿರಿ, ಉಳಿಯುವುದು 2,500ಕ್ಕೂ ಕಡಿಮೆ. ಇಳುವರಿಯನ್ನು ಅಳೆಯುವುದು ಕಾರ್ಖಾನೆಯದೇ ಪ್ರಯೋಗಾಲಯ. ಕಬ್ಬಿನ ಹಾಲನ್ನು ನೇರವಾಗಿ ಎಥೆನಾಲ್‌ಗೆ ತಿರುಗಿಸಿದರೆ ಸಕ್ಕರೆ ಕಡಿಮೆ ಬರುತ್ತದೆ. ಹಾಗೆ ತಿರುಗಿಸಿದ್ದನ್ನು ಲೆಕ್ಕಕ್ಕೆ ಮರಳಿ ಸೇರಿಸಬೇಕೆಂಬ ನಿಯಮವಿದೆ, ಸೇರಿಸಿದ್ದನ್ನು ಪರೀಕ್ಷಿಸುವ ದಾರಿ ರೈತನ ಬಳಿ ಇಲ್ಲ. ಇಸ್ಮಾ ತನ್ನ ಹೆಸರಿಗೇ ‘ಜೈವಿಕ ಇಂಧನ’ ಸೇರಿಸಿಕೊಂಡಿದೆ, ಕಬ್ಬಿನ ದರದ ಲೆಕ್ಕ ಮಾತ್ರ ಸಕ್ಕರೆಯನ್ನು ಬಿಟ್ಟು ಕದಲಿಲ್ಲ.

ಗಿರಣಿಗಳ ಅಳಲು ಪೂರ್ತಿ ಸುಳ್ಳೂ ಅಲ್ಲ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರವರಿಯಲ್ಲಿ ಕೆ.ಜಿ.ಗೆ 31 ರೂಪಾಯಿಗೆ ಏರಿಸಿದರು, ಆಮೇಲೆ ವರ್ಷಗಟ್ಟಲೆ ಅದನ್ನು ಮುಟ್ಟಲಿಲ್ಲ. ಅದೇ ಅವಧಿಯಲ್ಲಿ ಎಫ್‌ಆರ್‌ಪಿ ಟನ್ನಿಗೆ 2,750ರಿಂದ 3,550ಕ್ಕೆ ಹೋಯಿತು. 2018ರಲ್ಲಿ ಮಾಸಿಕ ಮಾರಾಟ ಕೋಟಾವೂ ಮರಳಿತು. 2021–22ರಲ್ಲಿ ದಾಖಲೆಯ ರಫ್ತು ಮಾಡಿದ ದೇಶವೇ 2023–24ರಲ್ಲಿ ರಫ್ತಿನ ಬಾಗಿಲು ಮುಚ್ಚಿತು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನ ಎಥೆನಾಲ್‌ಗೆ ರಾತ್ರೋರಾತ್ರಿ ತಡೆ ಬಿತ್ತು, ಸುಮಾರು ಒಂದು ವಾರದಲ್ಲಿ ಅರ್ಧ ಸಡಿಲವಾಯಿತು. ನಗರದ ಅಡುಗೆಮನೆಯಲ್ಲಿ ಬೆಲೆ ಏರಬಾರದು ಎಂಬ ಲೆಕ್ಕದ ಮುಂದೆ ಗಿರಣಿಗಳ ಪ್ರಭಾವವೂ ಸೋಲುತ್ತದೆ. ತೊಗರಿ ಬೆಳೆಯುವ ಕಲಬುರಗಿಗೆ ಈ ಪಾಠ ಹೊಸದಲ್ಲ. 2021ರಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಿದಾಗಲೂ ಇದೇ ಆಯಿತು.

ಹೊರಗಿನವರ ದೃಷ್ಟಿ ಬೇರೆಯೇ ಇದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆ ಹೋದವು. ಭಾರತದ ಕಬ್ಬಿನ ದರವೇ ಮಿತಿ ಮೀರಿದ ಬೆಂಬಲ ಎಂದು 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸಮಿತಿ ಹೇಳಿತು. ಭಾರತ ಮೇಲ್ಮನವಿ ಸಲ್ಲಿಸಿತು, ಆದರೆ ಅದನ್ನು ಕೇಳುವ ಪೀಠವೇ 2019ರ ಕೊನೆಯಿಂದ ನಿಷ್ಕ್ರಿಯವಾಗಿದೆ.

ಅಮೆರಿಕದಲ್ಲಿ ಸಕ್ಕರೆ ಕಂಪನಿಗಳು ಲಾಬಿಗೆ ಎಷ್ಟು ಸುರಿದವು ಎಂದು ಯಾರು ಬೇಕಾದರೂ ನೋಡಬಹುದು. 1995ರ ಕಾಯ್ದೆಯಂತೆ ಅಲ್ಲಿ ಲಾಬಿದಾರರು ನೋಂದಾಯಿಸಿಕೊಂಡು ವೆಚ್ಚ ಬರೆದುಕೊಡಬೇಕು. ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಕರ್ನಾಟಕದಲ್ಲಂತೂ ಲಾಬಿ ಮಾಡಲು ಬೇರೆಯವರನ್ನು ಕಳುಹಿಸುವ ಪ್ರಮೇಯವೇ ಬರುವುದಿಲ್ಲ. ಪಕ್ಷಭೇದವಿಲ್ಲದೆ ಕಾರ್ಖಾನೆ ಮಾಲೀಕರು ಶಾಸನಸಭೆಯಲ್ಲೇ ಕುಳಿತಿದ್ದಾರೆ.

2020ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಆರ್‌ಪಿಗಿಂತ ಹೆಚ್ಚಿನ ದರ ನಿಗದಿಪಡಿಸಲು ರಾಜ್ಯಗಳಿಗೆ ಅಧಿಕಾರವಿದೆ ಎಂದಿತು. ಕರ್ನಾಟಕ ಅದನ್ನು ಬಳಸುವ ಆತುರ ತೋರಲಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಗಿಳಿದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕಟಾವು, ಸಾಗಾಣಿಕೆ ವೆಚ್ಚ ಬಿಟ್ಟು ಟನ್ನಿಗೆ 3,300 ರೂಪಾಯಿ ಘೋಷಿಸಿದರು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಷರತ್ತು ಶೇ 11.25ರ ಇಳುವರಿ. ಅದು ಕೃಷ್ಣೆ, ಘಟಪ್ರಭೆಯ ಸೀಮೆಗೆ ಒಪ್ಪುವ ಅಂಕಿ. ಭೀಮೆ, ಕಾರಂಜಾ ನೀರಿನ ಕಬ್ಬು ಸಾಮಾನ್ಯವಾಗಿ ಅಷ್ಟು ಇಳುವರಿ ಕೊಡುವುದಿಲ್ಲ. ಹಾಗಾಗಿ ರಾಜ್ಯಕ್ಕೆಲ್ಲ ಎಂದು ಕೇಳಿಸಿದ ಆ ದರ ಈ ಭಾಗದ ಬೆಳೆಗಾರನ ಬಿಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ, ಜಿಲ್ಲಾಧಿಕಾರಿ ಮತ್ತೊಂದು ಸಭೆ ಕರೆಯಬೇಕಾಗುತ್ತದೆ.