ಮೊದಲು ಸರಕು, ಆಮೇಲೆ ಕೊಳ್ಳುಬಾಕ

1927ರ ಮೇ ತಿಂಗಳಲ್ಲಿ ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿನ ತಯಾರಿಕೆಯನ್ನು ನಿಲ್ಲಿಸಿದ. ಅಷ್ಟರೊಳಗೆ ಆ ಮಾದರಿಯ ಸುಮಾರು ಒಂದೂವರೆ ಕೋಟಿ ಕಾರುಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಕಾರು ಗಟ್ಟಿಯಾಗಿತ್ತು, ಅಗ್ಗವಾಗಿತ್ತು, ಸ್ವಲ್ಪ ತಿಳಿವಳಿಕೆ ಇದ್ದವರು ತಾವೇ ರಿಪೇರಿ ಮಾಡಿಕೊಳ್ಳಬಹುದಿತ್ತು. ಆದರೆ ಗಟ್ಟಿ ಕಾರು ಕೊಂಡವನು ಮತ್ತೆ ಅಂಗಡಿಗೆ ಬರುವುದು ಯಾವಾಗ? ಪ್ರತಿಸ್ಪರ್ಧಿ ಜನರಲ್ ಮೋಟರ್ಸ್ ಇದಕ್ಕೆ ಉತ್ತರ ಕಂಡುಕೊಂಡಿತ್ತು. ಅದರ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ವರ್ಷವರ್ಷವೂ ಕಾರಿನ ಬಣ್ಣ, ಆಕಾರ ಬದಲಿಸುವ ಪದ್ಧತಿ ತಂದ. 1919ರಲ್ಲೇ ಶುರುವಾಗಿದ್ದ ಕಂಪನಿಯ ಸಾಲಸಂಸ್ಥೆ ಕಂತಿನ ಮೇಲೆ ಕಾರು ಕೊಡಿಸುತ್ತಿತ್ತು. ಮನೆಯಲ್ಲಿದ್ದ ಕಾರು ಚೆನ್ನಾಗಿಯೇ ಓಡುತ್ತಿತ್ತು, ಆದರೆ ಅದು ‘ಹೋದ ವರ್ಷದ್ದು’ ಆಗಿಬಿಡುತ್ತಿತ್ತು. ಅದೇ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ 1929ರಲ್ಲಿ ಬರೆದ ಲೇಖನದ ತಲೆಬರಹವೇ ‘ಗ್ರಾಹಕನನ್ನು ಅತೃಪ್ತನಾಗಿಯೇ ಇಡಿ’ ಎಂದಿತ್ತು. ಮುಚ್ಚುಮರೆಯಿಲ್ಲದ ಮಾತು.

ಕೊಳ್ಳುಬಾಕತನವನ್ನು ಮನುಷ್ಯನ ದುರಾಸೆಯ ತಲೆಗೆ ಕಟ್ಟುವವರು ಈ ತಲೆಬರಹವನ್ನು ಗಮನಿಸಬೇಕು. ಆಸೆ ಎಲ್ಲ ಕಾಲದಲ್ಲೂ ಇತ್ತು, ನಿಜ. ಆದರೆ ಅದು ತಾನಾಗಿಯೇ ಈ ಮಟ್ಟಕ್ಕೆ ಬೆಳೆಯುವಂತಿದ್ದರೆ, ಅದನ್ನು ಕೆರಳಿಸಲು ಇಷ್ಟು ಬುದ್ಧಿ, ಇಷ್ಟು ಹಣ ಸುರಿಯಬೇಕಾಗಿರಲಿಲ್ಲ. ಯಂತ್ರಗಳು ರಾಶಿರಾಶಿ ಸರಕು ತಯಾರಿಸತೊಡಗಿದವು. ಆ ರಾಶಿಗೆ ತಕ್ಕ ಗಿರಾಕಿಯನ್ನು ಆಮೇಲೆ ತಯಾರಿಸಬೇಕಾಯಿತು.

ಇದರ ಬೇರು 18ನೇ ಶತಮಾನದ ಇಂಗ್ಲೆಂಡಿನವರೆಗೆ ಹೋಗುತ್ತದೆ. ಪಿಂಗಾಣಿ ತಯಾರಕ ಜೊಸಾಯ ವೆಜ್‌ವುಡ್‌ಗೆ 1765ರಲ್ಲಿ ರಾಣಿ ಶಾರ್ಲೆಟ್‌ಳಿಂದ ಚಹಾ ಪಾತ್ರೆಗಳ ಬೇಡಿಕೆ ಬಂತು. ಆತ ಆ ಬಗೆಯ ಪಾತ್ರೆಗಳಿಗೆ ರಾಣಿಯ ಹೆಸರನ್ನೇ ಇಟ್ಟು ಮಧ್ಯಮವರ್ಗದವರಿಗೆ ಮಾರಿದ. ಕೊಂಡವರಿಗೆ ಪಾತ್ರೆಯ ಜತೆಗೆ ಅರಮನೆಯ ನೆರಳೂ ಸಿಕ್ಕಿತು. 19ನೇ ಶತಮಾನದ ನಡುವೆ ಪ್ಯಾರಿಸ್‌ನಲ್ಲಿ ಬಾನ್ ಮಾರ್ಷೆ ಎಂಬ ಭಾರೀ ಮಳಿಗೆ ಬೆಳೆಯಿತು. ಬೆಲೆ ಚೀಟಿಯ ಮೇಲೇ ಇರುತ್ತಿತ್ತು, ಚೌಕಾಸಿ ಇಲ್ಲ. ಕೊಳ್ಳದಿದ್ದರೂ ಒಳಗೆ ಬಂದು ನೋಡಬಹುದು, ಹಿಡಿಸದಿದ್ದರೆ ಹಿಂದಿರುಗಿಸಬಹುದು. ಬೇಕಾದ್ದನ್ನು ತರಲು ಅಂಗಡಿಗೆ ಹೋಗುತ್ತಿದ್ದವರು ಏನು ಬೇಕೆಂದು ತಿಳಿಯಲು ಹೋಗುವಂತಾಯಿತು. 1850ರ ದಶಕದಲ್ಲಿ ಸಿಂಗರ್ ಕಂಪನಿ ಹೊಲಿಗೆ ಯಂತ್ರಗಳನ್ನು ಕಂತಿನ ಮೇಲೆ ಕೊಡತೊಡಗಿತು.

ಇದೆಲ್ಲವನ್ನೂ ಕೇಡು ಎನ್ನುವುದು ಅನ್ಯಾಯ. ಹೊಲಿಗೆ ಯಂತ್ರವಾಗಲಿ, ಆಮೇಲೆ ಬಂದ ಬಟ್ಟೆ ಒಗೆಯುವ ಯಂತ್ರವಾಗಲಿ ಹೆಂಗಸರ ಹೆಗಲ ಮೇಲಿದ್ದ ಎಷ್ಟೋ ಹೊರೆಯನ್ನು ಇಳಿಸಿದವು. ಆದರೆ ನಿಜವಾದ ಅಗತ್ಯ ತೀರಿದ ಮೇಲೂ ಕಾರ್ಖಾನೆ ನಿಲ್ಲುವಂತಿರಲಿಲ್ಲ.

ವಿದ್ಯುತ್ ಬಲ್ಬಿನ ಕತೆ ನೋಡಿ. 1924ರ ಡಿಸೆಂಬರ್‌ನಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿದವು. ಆಗ ಬಲ್ಬುಗಳು 1,500ರಿಂದ 2,000 ಗಂಟೆ ಉರಿಯುತ್ತಿದ್ದವು. ಕೂಟ ಅದನ್ನು 1,000 ಗಂಟೆಗೆ ಇಳಿಸಿತು. ಆಯುಸ್ಸು ಕಡಿಮೆಯಾದಷ್ಟೂ ಬೆಳಕು ಹೆಚ್ಚು ಎಂದು ತಯಾರಕರು ಸಮಜಾಯಿಷಿ ಕೊಟ್ಟರು. ಅದರಲ್ಲಿ ಒಂದಿಷ್ಟು ವಿಜ್ಞಾನವೂ ಇದೆ. ಆದರೆ ಹೆಚ್ಚು ಬಾಳುವ ಬಲ್ಬು ತಯಾರಿಸಿದ ಸದಸ್ಯ ಕಂಪನಿಗೆ ದಂಡ ಬೀಳುತ್ತಿತ್ತು. ಚಿಂತೆ ಬರೀ ಬೆಳಕಿನದ್ದಾಗಿದ್ದರೆ ದಂಡ ಯಾಕೆ? ಎರಡನೆಯ ಮಹಾಯುದ್ಧದ ಹೊತ್ತಿಗೆ ಕೂಟ ಮುರಿದುಬಿತ್ತು, ವಿಚಾರ ಉಳಿಯಿತು. ಯುದ್ಧಕ್ಕೂ ಮೊದಲೇ, 1932ರಲ್ಲಿ, ಆರ್ಥಿಕ ಕುಸಿತದ ನಡುವೆ, ಬರ್ನಾರ್ಡ್ ಲಂಡನ್ ಎಂಬಾತ ವಸ್ತುಗಳಿಗೆ ಸರ್ಕಾರವೇ ಆಯುಸ್ಸು ನಿಗದಿ ಮಾಡಲಿ, ಅವಧಿ ಮುಗಿದ ಮೇಲೆ ಅವನ್ನು ನಾಶ ಮಾಡಿಸಲಿ ಎಂದು ಕಿರುಹೊತ್ತಗೆಯನ್ನೇ ಬರೆದ.

ಯುದ್ಧಾನಂತರ ಇದಕ್ಕೆ ಸಾಲ ಜೊತೆಯಾಯಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದ ಸುಮಾರು 60,000 ಜನರಿಗೆ ಅವರು ಕೇಳದೆಯೇ ಕ್ರೆಡಿಟ್ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಕೂಡಿಟ್ಟು ಕೊಳ್ಳುವ ಕ್ರಮ ತಲೆಕೆಳಗಾಗಿ, ಕೊಂಡು ತೀರಿಸುವ ಕ್ರಮ ಬಂತು. ಬೇಡಿಕೆ ಇದೆಯೆಂದು ತಯಾರಿಕೆ ನಡೆಯುತ್ತಿಲ್ಲ, ತಯಾರಿಕೆಯೇ ಬೇಡಿಕೆಯನ್ನು ಹುಟ್ಟಿಸುತ್ತಿದೆ ಎಂದು ಅರ್ಥಶಾಸ್ತ್ರಜ್ಞ ಗಾಲ್‌ಬ್ರೈತ್ ವಾದಿಸಿದ್ದೂ ಅದೇ ವರ್ಷ. ಖಾಸಗಿ ಐಶ್ವರ್ಯ ಉಕ್ಕುತ್ತಿರುವಾಗ ಶಾಲೆ, ಉದ್ಯಾನ, ಬೀದಿಯಂಥ ಎಲ್ಲರ ಸ್ವತ್ತು ಸೊರಗುತ್ತಿದೆ ಎಂಬ ಅವನ ಮಾತು ನನಗೆ ಇನ್ನೂ ಮುಖ್ಯವೆನಿಸುತ್ತದೆ.

ಸಂಸ್ಕೃತಿಯ ಮೇಲಾದ ಪರಿಣಾಮಕ್ಕೆ ವಜ್ರದುಂಗುರಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತೋಚುವುದಿಲ್ಲ. ವಜ್ರ ಮಾರುವ ಡಿ ಬಿಯರ್ಸ್ ಕಂಪನಿ 1938ರಲ್ಲಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದಕ್ಕೆ ಪ್ರಚಾರದ ಕೆಲಸ ಒಪ್ಪಿಸಿತು. ವಜ್ರ ಎಂದೆಂದಿಗೂ ಶಾಶ್ವತ ಎಂಬ ಘೋಷಣೆ ಬಂದದ್ದು 1947ರಲ್ಲಿ. 1967ರಲ್ಲಿ ಪ್ರಚಾರ ಜಪಾನಿಗೆ ಕಾಲಿಟ್ಟಾಗ ಅಲ್ಲಿ ನಿಶ್ಚಿತಾರ್ಥಕ್ಕೆ ವಜ್ರದುಂಗುರ ಪಡೆಯುತ್ತಿದ್ದ ವಧುಗಳು ನೂರಕ್ಕೆ ಐದಕ್ಕಿಂತ ಕಡಿಮೆ. 1981ರ ಹೊತ್ತಿಗೆ ಅದು ಸುಮಾರು 60ಕ್ಕೆ ಏರಿತ್ತು. ಹದಿನಾಲ್ಕು ವರ್ಷಗಳಲ್ಲಿ ಒಂದು ‘ಸಂಪ್ರದಾಯ’ ತಯಾರು! ಪ್ರೀತಿಯನ್ನು ತೋರಿಸುವ ಬಗೆ ಹೀಗೇ ಎಂದು ಮಾರಾಟಗಾರ ಕಲಿಸಿಕೊಟ್ಟ ಮೇಲೆ, ಉಂಗುರ ಕೊಡದವನ ಪ್ರೀತಿಯೇ ಅನುಮಾನಕ್ಕೆ ಗುರಿಯಾಗುತ್ತದೆ. ಅಂತಸ್ತು ತೋರಿಸಲಿಕ್ಕೆಂದೇ ಸಿರಿವಂತರು ಖರ್ಚು ಮಾಡುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲಿ ಬರೆದಿದ್ದ. ಜಾಹೀರಾತು ಆ ಚಟವನ್ನು ಕೆಳಗಿನ ಮೆಟ್ಟಿಲುಗಳಿಗೂ ಇಳಿಸಿತು. ಸಾಲ ಅದಕ್ಕೆ ದಾರಿ ಮಾಡಿಕೊಟ್ಟಿತು.

ಜನ ಕೂಡುವ ಜಾಗಗಳೂ ಬದಲಾದವು. 1956ರಲ್ಲಿ ಮಿನೆಸೋಟದಲ್ಲಿ ತೆರೆದ ಸೌತ್‌ಡೇಲ್ ಮಾಲನ್ನು ರೂಪಿಸಿದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್‌ಗೆ ಊರಿನ ನಡುವಿನ ಚೌಕವನ್ನು ಮರುಸೃಷ್ಟಿಸುವ ಕನಸಿತ್ತು. ಎಲ್ಲೆಡೆ ಹಬ್ಬಿದ್ದು ಅಂಗಡಿಗಳು ಮಾತ್ರ. ಈ ಸಂತಾನಕ್ಕೆ ಜೀವನಾಂಶ ಕೊಡಲಾರೆ ಎಂದು ಕೊನೆಗಾಲದಲ್ಲಿ ಅವನೇ ಕೈತೊಳೆದುಕೊಂಡ.

ಇಷ್ಟು ಕೊಂಡ ಮೇಲೆ ನೆಮ್ಮದಿಯಾದರೂ ಹೆಚ್ಚಿತೇ? ದೇಶದ ವರಮಾನ ಏರಿದಂತೆ ಜನರ ಸಂತೋಷ ಅದೇ ಲೆಕ್ಕದಲ್ಲಿ ಏರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್‌ಲಿನ್ 1974ರಲ್ಲಿ ತೋರಿಸಿದ. ಅದರ ಮೇಲಿನ ವಾದ ಇನ್ನೂ ಮುಗಿದಿಲ್ಲ. ವಾದಕ್ಕೆ ಎಡೆಯಿಲ್ಲದ ಸಂಗತಿಗಳೂ ಇವೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಆದರೂ ಹೊರದೇಶಗಳ ಮಳಿಗೆಗಳಿಗೆ ಬಟ್ಟೆ ಹೊಲಿಯುತ್ತಿದ್ದ ಕಾರ್ಮಿಕರನ್ನು ಕೆಲಸಕ್ಕೆ ಕರೆಸಿದ್ದರು. ಇನ್ನು 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕಂತೆ ಸರಿಯಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ.

ಸರ್ಕಾರಗಳು ಈಗೀಗ ತಯಾರಕರ ಕಡೆ ತಿರುಗಿವೆ. ವಸ್ತು ಬೇಗ ಹಾಳಾಗಲೆಂದೇ ತಯಾರಿಸುವುದನ್ನು ಫ್ರಾನ್ಸ್ 2015ರಲ್ಲಿ ಅಪರಾಧವೆಂದು ಸಾರಿತು. ಅದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಸುಲಭವಲ್ಲ. ಬೇಕೆಂದೇ ಮಾಡಿದ್ದು ಯಾವುದು, ಅಗ್ಗಕ್ಕಾಗಿ ಮಾಡಿದ್ದು ಯಾವುದು ಎಂದು ಬೇರ್ಪಡಿಸುವವರು ಯಾರು? ಅದಕ್ಕಿಂತ ಅಲ್ಲೇ 2021ರಲ್ಲಿ ಬಂದ ನಿಯಮ ಹೆಚ್ಚು ಉಪಯೋಗದ್ದು ಎನಿಸುತ್ತದೆ. ಮೊಬೈಲ್, ಲ್ಯಾಪ್‌ಟಾಪ್, ಬಟ್ಟೆ ಒಗೆಯುವ ಯಂತ್ರಗಳಂಥವು ಎಷ್ಟು ಸುಲಭವಾಗಿ ರಿಪೇರಿ ಆಗುತ್ತವೆಂದು ಹತ್ತಕ್ಕೆ ಇಷ್ಟು ಅಂಕ ಎಂದು ಮಾರುವ ಜಾಗದಲ್ಲೇ ತೋರಿಸಬೇಕು ಎಂದು ಅದು ವಿಧಿಸಿತು. 2022ರ ಕೊನೆಯಿಂದ ಅಲ್ಲಿ ಉಪಕರಣಗಳ ರಿಪೇರಿ ಬಿಲ್ಲಿನಲ್ಲಿ ಒಂದು ಪಾಲು ಕಡಿತವಾಗುತ್ತಿದೆ. ಮರುವರ್ಷ ಹರಿದ ಬಟ್ಟೆಗೂ ಸವೆದ ಬೂಟಿಗೂ ಅದೇ ಸೌಲಭ್ಯ ಬಂತು.